ಬ್ಯಾಟನ್ ತಿರುಗಿಸೋದು ಒಬ್ಬಳು, ತಂಡ ನಡೆಸೋದು ಯಾರು?

ಬ್ಯಾಟನ್ ಟ್ವರ್ಲಿಂಗ್ ಅನ್ನೋ ಹೆಸರು ಗೊತ್ತಿಲ್ಲದಿದ್ದರೂ ರೀಲ್ಸ್‌ನಲ್ಲಿ ಎಲ್ಲೋ ಒಮ್ಮೆ ನೋಡಿರ್ತೀರಿ. ಅಮೆರಿಕದ ಯಾವುದೋ ಸಣ್ಣ ಊರಿನ ಮೆರವಣಿಗೆ. ಬ್ಯಾಂಡಿನ ಮುಂದೆ ಮಿಂಚುವ ಬಟ್ಟೆ ತೊಟ್ಟ ಹುಡುಗಿಯರ ಸಾಲು, ಒಬ್ಬೊಬ್ಬರ ಕೈಯಲ್ಲೂ ಒಂದು ಲೋಹದ ಕೋಲು. ಅದು ಬೆರಳುಗಳ ನಡುವೆ ಫ್ಯಾನಿನ ರೆಕ್ಕೆ ಥರ ತಿರುಗುತ್ತೆ. ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರುತ್ತೆ. ಹುಡುಗಿ ಗಿರಗಿರ ಸುತ್ತಿ ಕೈ ಚಾಚುವಷ್ಟರಲ್ಲಿ ಸರಿಯಾಗಿ ಅಂಗೈಗೇ ಬಂದು ಬೀಳುತ್ತೆ. ನಮ್ಮ ದೊಣ್ಣೆವರಸೆ ನೋಡಿದವರಿಗೆ ಇದು ತೀರಾ ಹೊಸದು ಅನ್ನಿಸಲ್ಲ.

ಆ ವಿಡಿಯೋದಲ್ಲಿ ಕಾಣದ ಜನರ ಬಗ್ಗೆ ಈ ಲೇಖನ. ಅವರ ಬಗ್ಗೆ ಮಾತಾಡಿದರೆ ನಮ್ಮ ಕನ್ನಡ ಸಂಘದ ಬಗ್ಗೆಯೂ ಮಾತಾಡಿದ ಹಾಗೆ ಆಗುತ್ತೆ, ಅದಕ್ಕೇ ಇಷ್ಟು ದೂರದ ವಿಷಯ ಎತ್ತಿಕೊಂಡಿದ್ದೇನೆ.

ನಾವು ಇಂಜಿನಿಯರಿಂಗ್‌ನವರು, ಹಾಗಾಗಿ ಮೊದಲು ಸ್ವಲ್ಪ ಲೆಕ್ಕ. ಬ್ಯಾಟನ್ ಅಂದರೆ ಟೊಳ್ಳಾದ ಲೋಹದ ಕೋಲು, ಬೆರಳಿನಷ್ಟೇ ದಪ್ಪ. ಎರಡೂ ತುದಿಗೆ ರಬ್ಬರ್ ಇರುತ್ತೆ. ಒಂದು ತುದಿ ದೊಡ್ಡದು, ಇನ್ನೊಂದು ಚಿಕ್ಕದು. ಹಾಗಾಗಿ ಅದರ ದ್ರವ್ಯರಾಶಿ ಕೇಂದ್ರ ಸರಿಯಾಗಿ ನಡುವೆ ಇರಲ್ಲ, ದೊಡ್ಡ ತುದಿಯ ಕಡೆಗೆ ಸ್ವಲ್ಪ ಜರುಗಿರುತ್ತೆ. ಹೊಸದಾಗಿ ಕಲಿಯುವ ಮಗುವಿಗೆ ಮೊದಲು ಹೇಳೋದೇ ಕೋಲನ್ನು ಒಂದು ಬೆರಳ ಮೇಲೆ ನಿಲ್ಲಿಸಿ ಆ ಬಿಂದು ಹುಡುಕು ಅಂತ. ಈಗ ಅದನ್ನು ಕೈಯಿಂದ 6 ಮೀಟರ್ ಮೇಲಕ್ಕೆ ಎಸೆದರೆ ಏರಲು 1.1 ಸೆಕೆಂಡ್, ಇಳಿಯಲು 1.1 ಸೆಕೆಂಡ್. ಒಟ್ಟು ಸಿಗೋದು 2.2 ಸೆಕೆಂಡ್. ಅಷ್ಟರೊಳಗೆ ಎರಡು ಮೂರು ಸುತ್ತು ಸುತ್ತಿ ಹಿಡೀಬೇಕು.

ಇದನ್ನು ಮನೆ ಹಾಲ್‌ನಲ್ಲಿ ಅಭ್ಯಾಸ ಮಾಡೋಕಾಗುತ್ತಾ? ಹತ್ತಡಿ ಎತ್ತರದ ಛಾವಣಿಯ ಕೆಳಗೆ ಕೈಯಿಂದ ಮೇಲೆ ಉಳಿಯೋದು ಹೆಚ್ಚೆಂದರೆ ಒಂದೂಕಾಲು ಮೀಟರ್. ಒಂದು ಸೆಕೆಂಡಿನಲ್ಲಿ ಕೋಲು ಕೆಳಗಿರುತ್ತೆ. ಹೊರಗೆ ಮೈದಾನದಲ್ಲಿ ಗಾಳಿ, ಬಿಸಿಲು. ಚಳಿಗಾಲದಲ್ಲಂತೂ ಹಿಮ. ಹಾಗಾಗಿ ಎತ್ತರದ ಛಾವಣಿ ಇರುವ ಜಾಗವೇ ಬೇಕು. ಅಂದರೆ ಶಾಲೆಯ ಜಿಮ್ ಅಥವಾ ಚರ್ಚಿನ ದೊಡ್ಡ ಹಾಲ್. ಆ ಹಾಲ್‌ಗೆ ಬಾಡಿಗೆ. ಬಾಡಿಗೆಗೆ ದುಡ್ಡು. ದುಡ್ಡಿಗೆ ಲೆಕ್ಕ ಇಡೋ ಖಜಾಂಚಿ. ದುಡ್ಡು ಸಾಲದಿದ್ದರೆ ಮನೆಯಲ್ಲಿ ಕೇಕ್ ಮಾಡಿ ಮಾರೋ ಅಮ್ಮಂದಿರು, ಕಾರು ತೊಳೆದು ಹಣ ಕೂಡಿಸೋ ಮಕ್ಕಳು. ಹಾಲ್‌ನ ಬೀಗದ ಕೈ ತರೋಕೆ ಒಬ್ಬರು, ಕೊನೆಗೆ ಕಸ ಗುಡಿಸಿ ಬೀಗ ಹಾಕೋಕೆ ಇನ್ನೊಬ್ಬರು. ನೋಡಿ, 6 ಮೀಟರ್ ಎಸೆತದಿಂದ ಶುರುವಾದ ಲೆಕ್ಕ ಪೊರಕೆ ತನಕ ಬಂತು. ಆ ಎರಡು ಸೆಕೆಂಡಿನ ಹಿಂದೆ ಇಷ್ಟೆಲ್ಲಾ ಇದೆ.

ದೊಡ್ಡ ಸಂಸ್ಥೆಗಳು ಇಲ್ಲ ಅಂತಲ್ಲ. ಅಮೆರಿಕದ ರಾಷ್ಟ್ರೀಯ ಬ್ಯಾಟನ್ ಸಂಘ 1945ರದು, ಅಲ್ಲಿನ ಇನ್ನೊಂದು ಸಂಘಟನೆ 1958ರದು. 1977ರಲ್ಲಿ ಜಾಗತಿಕ ಒಕ್ಕೂಟವಾಯಿತು, 1980ರಲ್ಲಿ ಸಿಯಾಟಲ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಜಪಾನ್, ಇಟಲಿ, ಫ್ರಾನ್ಸ್‌ಗಳಲ್ಲೂ ಇದನ್ನು ಗಂಭೀರವಾಗಿ ಆಡುತ್ತಾರೆ. ಆದರೆ ಇಷ್ಟು ವರ್ಷವಾದರೂ ಇದು ಒಲಿಂಪಿಕ್ಸ್ ಪದಕದ ಆಟವಲ್ಲ. ಟಿವಿ ದುಡ್ಡು ಇಲ್ಲ, ಹರಾಜು ಇಲ್ಲ. ಹಾಗಾಗಿ ಊರಿನ ಮಟ್ಟದ ತಂಡ ನಿಂತಿರೋದು ಮನೆಯವರ ಮೇಲೆ. ಕೋಚ್ ಬಹಳ ಸಲ ಇದೇ ತಂಡದಲ್ಲಿ ಆಡಿ ಬೆಳೆದವಳು. ಹಗಲು ಬೇರೆ ಕೆಲಸ, ಸಂಜೆ ಇದು. ಅಮ್ಮ ಬಟ್ಟೆಗೆ ಮಿಂಚುವ ಕಲ್ಲು ಅಂಟಿಸ್ತಾಳೆ. ಅಪ್ಪ ವ್ಯಾನ್ ಓಡಿಸ್ತಾನೆ, ಸ್ಪೀಕರ್ ಹೊರ್ತಾನೆ. ಅಜ್ಜಿ ತುರುಬು ಕಟ್ಟಿ ಪಿನ್ ಚುಚ್ತಾಳೆ. ದೊಡ್ಡವಳಿಗೆ ಗಿಡ್ಡವಾದ ಬಟ್ಟೆ ಚಿಕ್ಕವಳಿಗೆ ಹೋಗುತ್ತೆ.

ಬ್ರಿಟನ್ನಿನಲ್ಲಿ ಇದಕ್ಕೆ ಇನ್ನೊಂದು ರೂಪ ಇತ್ತು. ಈಶಾನ್ಯ ಇಂಗ್ಲೆಂಡ್ ಮತ್ತು ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿ ಊರುಗಳಲ್ಲಿ 1970ರ ದಶಕದ ಹೊತ್ತಿಗೆ ಮಕ್ಕಳ 'ಜ್ಯಾಝ್ ಬ್ಯಾಂಡ್'ಗಳು ಬೀದಿಗಿಳಿಯುತ್ತಿದ್ದವು. ಹೆಸರು ಜ್ಯಾಝ್, ಆದರೆ ವಾದ್ಯ ಡೊಳ್ಳು ಮತ್ತು ಕಜೂ. ಕಜೂ ಅಂದರೆ ಬಾಯಿಗಿಟ್ಟು ಗುನುಗಿದರೆ ಝೇಂಕರಿಸೋ ಪುಟ್ಟ ಪೀಪಿ. ಅಗ್ಗ, ಕಲಿಯೋಕೆ ಮೇಷ್ಟ್ರು ಬೇಡ. ಮುಂದೆ ದಂಡ ತಿರುಗಿಸುವ ಹುಡುಗಿ, ಹಿಂದೆ ಸಮವಸ್ತ್ರದಲ್ಲಿ ಊರಿನ ಮಕ್ಕಳೆಲ್ಲ. ಆ ಆಯ್ಕೆ ನನಗೆ ತುಂಬಾ ಇಷ್ಟ. ಬಡವರ ಊರಿನಲ್ಲಿ ಎಲ್ಲ ಮಕ್ಕಳೂ ಸೇರಬೇಕು ಅಂದರೆ ಪ್ರವೇಶದ ಬೆಲೆ ಕಡಿಮೆ ಇರಬೇಕು. ಇದು ಒಳ್ಳೆಯ ಡಿಸೈನ್.

ಇಲ್ಲಿಯವರೆಗೂ ಎಲ್ಲ ಚೆನ್ನಾಗಿದೆ. ಆದರೆ ಇಂಥ ತಂಡಗಳಲ್ಲಿ ಒಂದು ಬಿರುಕು ಇದೆ. ನನ್ನ ಮಾತೆಲ್ಲ ಅದರ ಬಗ್ಗೆಯೇ.

ಅಮ್ಮ ಬರೋದು ಮಗಳಿಗಾಗಿ. ಮಗಳು ಹದಿನೆಂಟಕ್ಕೆ ಕಾಲೇಜು ಅಂತ ಬೇರೆ ಊರಿಗೆ ಹೊರಟಳು ಅಂದರೆ ಅಮ್ಮನೂ ಹೋಗ್ತಾಳೆ. ಅವಳ ಜೊತೆ ಹಾಲ್‌ನವರ ಪರಿಚಯ, ಬ್ಯಾಂಕ್ ಖಾತೆಯ ವಿವರ, ಬಟ್ಟೆ ಹೊಲಿಯೋರ ಫೋನ್ ನಂಬರ್ ಎಲ್ಲ ಹೋಗುತ್ತೆ. ಒಬ್ಬಳೇ ಹತ್ತು ಕೆಲಸ ಮಾಡ್ತಿದ್ದಾಗ ಎಲ್ಲರೂ 'ಅವಳಿದ್ದಾಳಲ್ಲ' ಅಂತ ನಿಶ್ಚಿಂತೆಯಿಂದ ಇದ್ದರು. ಅವಳು ಹೋದ ಮೇಲೆ ಗೊತ್ತಾಗುತ್ತೆ, ತಂಡ ಅಂದುಕೊಂಡಿದ್ದು ನಿಜವಾಗಿ ಒಬ್ಬ ಹೆಂಗಸಿನ ದಣಿವು ಅಂತ. ನಮ್ಮ ಭಾಷೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್.

ಈ 'ನನ್ನ ಮಗಳಿಗಾಗಿ' ಅನ್ನೋದು ಅಮೆರಿಕದಲ್ಲಿ ಕೋರ್ಟ್ ತನಕವೂ ಹೋಗಿದೆ. ವರ್ಜೀನಿಯಾದಲ್ಲಿ ಒಂದು ಜಿಮ್ನಾಸ್ಟಿಕ್ಸ್ ಪೋಷಕರ ಸಂಘ ಇತ್ತು. ತಂಡಕ್ಕಾಗಿ ಹಣ ಸಂಗ್ರಹಿಸುವ ಪೋಷಕರಿಗೆ ಪಾಯಿಂಟ್ ಕೊಡೋದು, ಆ ಪಾಯಿಂಟಿನಷ್ಟು ಅವರದೇ ಮಗುವಿನ ಖರ್ಚಿನಲ್ಲಿ ಕಡಿತ ಮಾಡೋದು ಅದರ ಪದ್ಧತಿ. ಕೆಲಸ ಮಾಡಿದವನಿಗೆ ಫಲ, ತಪ್ಪೇನು ಅನ್ನಿಸಬಹುದು. ಆದರೆ ಆ ಸಂಘ ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಯಾಗಿತ್ತು. ತೆರಿಗೆ ಇಲಾಖೆ ಆ ವಿನಾಯಿತಿ ರದ್ದು ಮಾಡಿತು, 2013ರಲ್ಲಿ ತೆರಿಗೆ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತಂಡದ ಹೆಸರಲ್ಲಿ ನಿಮ್ಮ ನಿಮ್ಮ ಮಕ್ಕಳ ಖರ್ಚು ತೀರಿಸಿಕೊಳ್ಳೋದು ಸಾರ್ವಜನಿಕ ಸೇವೆ ಅಲ್ಲ ಅನ್ನೋದು ಅದರ ಸಾರ. ಬಿಡುವಿಲ್ಲದ ಪೋಷಕರ ಮಗುವೂ ಅದೇ ತಂಡದ ಮಗು ತಾನೆ?

ಪಾಯಿಂಟ್ ಅಂದ ಕೂಡಲೇ ನಿಮಗೆ ಏನಾದರೂ ನೆನಪಾಯ್ತಾ? ನನಗಂತೂ ಆಯ್ತು. ವಿಟಿಯುನಲ್ಲಿ ಪದವಿ ಕೈಗೆ ಬರಬೇಕಾದರೆ ಆಕ್ಟಿವಿಟಿ ಪಾಯಿಂಟ್ ಬೇಕು. ನಿಯಮದ ಉದ್ದೇಶ ಒಳ್ಳೆಯದೇ, ಹುಡುಗರು ಕ್ಯಾಂಪಸ್ ಬಿಟ್ಟು ಸಮಾಜದ ಕಡೆ ನೋಡಲಿ ಅಂತ. ಆದರೆ ಯಾವುದೇ ಕೆಲಸಕ್ಕೆ ಕರೆದರೂ ಈಗ ಮೊದಲ ಪ್ರಶ್ನೆ 'ಪಾಯಿಂಟ್ ಇದೆಯಾ?' ಎರಡನೆಯದು 'ಸರ್ಟಿಫಿಕೇಟ್ ಕೊಡ್ತೀರಾ?' ಕೆಲಸ ಏನು ಅನ್ನೋದು ಮೂರನೇ ಪ್ರಶ್ನೆ. ಪಾಯಿಂಟ್ ತುಂಬಿದ ದಿನವೇ ಮನುಷ್ಯ ಮಾಯ.

ನಮ್ಮ ಸಂಘದ ಡೊಳ್ಳು ತಂಡವನ್ನೇ ತಗೊಳ್ಳಿ. ರಾಜ್ಯೋತ್ಸವದ ದಿನ ಡೊಳ್ಳಿನ ಸದ್ದಿಗೆ ಮೆಕ್ಯಾನಿಕಲ್ ಬ್ಲಾಕಿನ ಕಿಟಕಿ ನಡುಗುತ್ತೆ, ಎಲ್ಲರ ಮೊಬೈಲೂ ಮೇಲೇಳುತ್ತೆ. ಆದರೆ ಮಳೆಗಾಲದ ಥಂಡಿಗೆ ಚರ್ಮ ಸಡಿಲವಾದಾಗ ಹಗ್ಗ ಎಳೆದು ಬಿಗಿಯೋದು ಹೇಗೆ, ಬಾರಿಸೋ ಮುಂಚೆ ಎಷ್ಟು ಹೊತ್ತು ಬಿಸಿಲಿಗಿಡಬೇಕು, ಇದು ಗೊತ್ತಿರೋದು ಇಬ್ಬರಿಗೆ. ಇಬ್ಬರೂ ಫೈನಲ್ ಇಯರ್. ಡೊಳ್ಳು ಇಡೋ ಕೋಣೆಯ ಕೀ ಯಾರ ಹತ್ತಿರ ಇರುತ್ತೆ ಅನ್ನೋದು ಒಬ್ಬನಿಗೆ ಗೊತ್ತು. ಅವನೂ ಫೈನಲ್ ಇಯರ್. ಮೇ ತಿಂಗಳಲ್ಲಿ ಇವರೆಲ್ಲ ಹೊರಟ ಮೇಲೆ? ಮಗಳ ಜೊತೆ ಅಮ್ಮ ಹೋದ ಹಾಗೇ ಅಲ್ವಾ ಇದು?

ಇದಕ್ಕೊಂದು ಸುಲಭದ ಉತ್ತರ ಇದೆ. ಕೆಲವರು ನೇರವಾಗಿ ಹೇಳ್ತಾರೆ: "ಯಾಕಪ್ಪಾ ತಲೆನೋವು? ದುಡ್ಡು ಕೂಡಿಸಿ ಈವೆಂಟ್ ಮ್ಯಾನೇಜ್‌ಮೆಂಟ್‌ನವರಿಗೆ ಕೊಡೋಣ. ಡೊಳ್ಳಿನವರನ್ನೂ ಅವರೇ ಕರೆಸ್ತಾರೆ. ಇಂಟರ್ನಲ್ಸ್, ಪ್ಲೇಸ್‌ಮೆಂಟ್ ಇರೋವಾಗ ಚೇರು ಹೊರೋಕೆ ಯಾರಿಗೆ ಟೈಮಿದೆ?" ಈ ಮಾತಲ್ಲಿ ಅರ್ಧ ನಿಜ ಇದೆ. ಶಿವಮೊಗ್ಗ, ಹಾವೇರಿ ಕಡೆಯಿಂದ ಬೀರೇಶ್ವರನ ಗುಡಿಯ ಮುಂದೆ ತಲೆಮಾರುಗಳಿಂದ ಬಾರಿಸಿಕೊಂಡು ಬಂದ ಕಲಾವಿದರು ನಮ್ಮ ವೇದಿಕೆಗೆ ಬರಬೇಕು, ಅವರಿಗೆ ಮರ್ಯಾದೆಯ ಸಂಭಾವನೆ ಸಿಗಬೇಕು. ಅದರಲ್ಲಿ ಎರಡು ಮಾತಿಲ್ಲ. ನಾವು ನಾಲ್ಕು ತಿಂಗಳು ಕಲಿತು ಅವರ ಸಮ ಆಗೋದೂ ಇಲ್ಲ.

ಆದರೆ ಕಲಾವಿದರನ್ನು ಕರೆಸೋದು ಬೇರೆ, ಸಂಘವನ್ನೇ ಗುತ್ತಿಗೆಗೆ ಕೊಡೋದು ಬೇರೆ. ಅವರಿಗೆ ಫೋನ್ ಮಾಡಿ ಮಾತಾಡೋದು, ಬಸ್ ಸ್ಟ್ಯಾಂಡಿಂದ ಕರ್ಕೊಂಡು ಬರೋದು, ಊಟ ಹಾಕೋದು, ಡೊಳ್ಳು ಕಟ್ಟೋದನ್ನು ಪಕ್ಕ ಕೂತು ನೋಡೋದು, ಸಂಭಾವನೆಯ ಕವರ್ ಕೈಗೆ ಕೊಟ್ಟು ನಮಸ್ಕಾರ ಹೇಳೋದು ನಮ್ಮ ಕೆಲಸ. ಅದನ್ನೂ ಕೊಟ್ಟುಬಿಟ್ಟರೆ ನಮಗೆ ಉಳಿಯೋದು ಟಿಕೆಟ್ ತಗೊಂಡ ಪ್ರೇಕ್ಷಕನ ಜಾಗ ಮಾತ್ರ. ಪ್ರೇಕ್ಷಕರು ಸೇರಿ ಸಂಘ ಆಗಲ್ಲ.

ಟೈಮ್ ಇಲ್ಲ ಅನ್ನೋದಕ್ಕೂ ಒಂದು ಮಾತು. ಟೈಮ್ ಇಲ್ಲದಿರೋದು ನಿಜವಾಗಿ ಆ ಹತ್ತು ಕೆಲಸ ಹೊತ್ತ ಒಬ್ಬನಿಗೆ. ಹತ್ತು ಕೆಲಸವನ್ನು ಹತ್ತು ಜನ ಹಂಚಿಕೊಂಡರೆ ವಾರಕ್ಕೆ ಒಂದು ಗಂಟೆಯ ಮಾತು. ನಾವು ಕ್ಯಾಂಟೀನಲ್ಲಿ ಒಂದು ಚಹಾ ಮುಂದಿಟ್ಟುಕೊಂಡು ಕೂರೋ ಹೊತ್ತಿಗಿಂತ ಕಡಿಮೆ.

ಇನ್ನೊಂದು ವಿಷಯ. ನಮ್ಮಲ್ಲಿ ಎಷ್ಟೋ ಜನ ನಾಳೆ ಎಂಎಸ್ ಅಂತಲೋ ಕೆಲಸ ಅಂತಲೋ ಅಮೆರಿಕಕ್ಕೆ ಹೋಗೋರೇ. ಅಲ್ಲಿನ ಕನ್ನಡ ಕೂಟಗಳು ನಡೆಯೋದೂ ಬ್ಯಾಟನ್ ತಂಡ ನಡೆಯೋ ರೀತಿಯಲ್ಲೇ. ವಾರಾಂತ್ಯಕ್ಕೆ ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ, ಯುಗಾದಿಗೆ ಅಡುಗೆ ಹಂಚಿಕೊಂಡ ಮನೆಗಳು, ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡೋ ಸಾಫ್ಟ್‌ವೇರ್ ಇಂಜಿನಿಯರ್. ಯಾರಿಗೂ ಸಂಬಳ ಇಲ್ಲ. ಆ ಕೆಲಸ ಅಲ್ಲಿಗೆ ಹೋದ ಮೇಲೆ ದಿಢೀರ್ ಅಂತ ಬರಲ್ಲ. ಚೇರು ಜೋಡಿಸಿ, ಲೆಕ್ಕ ಬರೆದು, ಜಗಳ ಬಿಡಿಸಿ ಎಲ್ಲೋ ಒಂದು ಕಡೆ ಕಲಿತಿರಬೇಕು. ಇಲ್ಲಿ ಕಲಿಯದಿದ್ದರೆ ಇನ್ನೆಲ್ಲಿ?

ಹಾಗಾದರೆ ಏನು ಮಾಡೋಣ? ನನ್ನ ಸಲಹೆ ನಾಲ್ಕೇ.

ಒಂದು, ಪ್ರತಿ ಕೆಲಸಕ್ಕೆ ಇಬ್ಬರು. ಒಬ್ಬ ಸೀನಿಯರ್, ಒಬ್ಬ ಜೂನಿಯರ್. ಡೊಳ್ಳಿನ ಹಗ್ಗ ಬಿಗಿಯೋವಾಗ ಫಸ್ಟ್ ಇಯರ್‌ನವನ ಕೈಯೂ ಹಗ್ಗದ ಮೇಲಿರಲಿ. ಸರ್ವರ್‌ಗೆ ಬ್ಯಾಕಪ್ ಇಡೋ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡು, ಒಂದು ನೋಟ್ ಬುಕ್. ಕೀ ಎಲ್ಲಿ, ಅನುಮತಿ ಪತ್ರಕ್ಕೆ ಯಾರ ಸಹಿ, ಶಾಮಿಯಾನದವರಿಗೆ ಕಳೆದ ಸಲ ಎಷ್ಟು ಕೊಟ್ಟೆವು, ಊಟ ಎಷ್ಟು ಮಿಕ್ಕಿತು, ಎಲ್ಲ ಅದರಲ್ಲಿ ಇರಲಿ. ವಾಟ್ಸಾಪ್ ಗ್ರೂಪ್ ಸಾಲದು. ಅದು ಬ್ಯಾಚ್ ಜೊತೆ ಸಾಯುತ್ತೆ.

ಮೂರು, ಲೆಕ್ಕ ಎಲ್ಲರ ಮುಂದೆ. ಕಾರ್ಯಕ್ರಮ ಮುಗಿದ ವಾರದೊಳಗೆ ಜಮಾ ಖರ್ಚು ನೋಟಿಸ್ ಬೋರ್ಡಿಗೆ ಬರಲಿ. ನೂರು ರೂಪಾಯಿ ಕೊಟ್ಟವನಿಗೆ ಅದು ಏನಾಯ್ತು ಅಂತ ಗೊತ್ತಾದರೆ ಮುಂದಿನ ಸಲ ಕೇಳದೆ ಕೊಡ್ತಾನೆ.

ನಾಲ್ಕು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ತನ್ನ ಲಾಭ ಮುಗಿದ ಮೇಲೂ ಬರುವವರನ್ನು ಉಳಿಸಿಕೊಳ್ಳೋಣ. ಬ್ಯಾಟನ್ ತಂಡಗಳಲ್ಲಿ ಅಪರೂಪಕ್ಕೆ ಅಂಥವರು ಇರ್ತಾರೆ. ಮಗಳು ಬಿಟ್ಟು ಎಷ್ಟೋ ವರ್ಷವಾಗಿರುತ್ತೆ, ಅಮ್ಮ ಇನ್ನೂ ಬೇರೆಯವರ ಮಕ್ಕಳ ಬಟ್ಟೆಗೆ ಗುಂಡಿ ಹೊಲೀತಿರ್ತಾಳೆ. ತಂಡ ಬದುಕೋದು ಅವಳಿಂದ. ನಮ್ಮಲ್ಲೂ ಪಾಯಿಂಟ್ ತುಂಬಿದ ಮೇಲೂ ಬಂದು ಜೂನಿಯರ್‌ಗೆ ಹೆಜ್ಜೆ ಹೇಳಿಕೊಡೋರು ಒಬ್ಬಿಬ್ಬರು ಇದ್ದಾರೆ. ವೇದಿಕೆಯ ಫೋಟೋದಲ್ಲಿ ಅವರು ಇರಲ್ಲ, ವಂದನಾರ್ಪಣೆಯಲ್ಲಿ ಹೆಸರು ಬರಲ್ಲ. ಕೊನೇಪಕ್ಷ ಆ ಹೆಸರು ಓದೋಣ. ಪ್ರಿನ್ಸಿಪಾಲರ ನಂತರ ಅಲ್ಲ, ಮೊದಲೇ.

ಬ್ಯಾಟನ್ ಮೇಲೆ ಹಾರಿದಾಗ ಎಲ್ಲರ ಕಣ್ಣೂ ಮೇಲೆ. ಅದರಲ್ಲಿ ತಪ್ಪಿಲ್ಲ, ನೋಡೋಕೆ ಚೆಂದವಾಗಿರೋದು ಅದೇ. ಆದರೆ ಆ ಎರಡು ಸೆಕೆಂಡ್ ಮುಗಿದ ಮೇಲೆ ಯಾರಾದರೂ ಹಾಲ್ ಗುಡಿಸಲೇಬೇಕು. ಮುಂದಿನ ಸೋಮವಾರ ಸಂಜೆ ಡೊಳ್ಳಿನ ಕೋಣೆ ತೆಗೀತೇವೆ, ಧೂಳು ಹೊಡೆದು ಹಗ್ಗ ಬಿಗಿಯೋ ಕೆಲಸ ಇದೆ. ಪಾಯಿಂಟ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಚಹಾ ಇದೆ. ಬನ್ನಿ.