ನದಿಯ ಹೆಸರು ಹೊತ್ತ ಎಂಜಿನ್ನುಗಳು

ನಮ್ಮ ಹಿರಿಯರು ರೈಲನ್ನು ಹೊಗೆಬಂಡಿಯೆಂದೂ ಉಗಿಬಂಡಿಯೆಂದೂ ಕರೆದರು. ಆ ಹೆಸರಿನಲ್ಲಿ ಹಿಂದೆ ಸಾಲಾಗಿ ಬರುವ ಡಬ್ಬಿಗಳಿಗಾಗಲಿ ಅವುಗಳಲ್ಲಿ ಕುಳಿತ ಜನಕ್ಕಾಗಲಿ ಯಾವ ಪಾಲನ್ನೂ ಕೊಡದೆ, ಮುಂದೆ ನಿಂತು ಎಳೆಯುವ ಎಂಜಿನ್ನಿನ ಉಸಿರನ್ನೇ ಇಡೀ ವಾಹನಕ್ಕೆ ಲಕ್ಷಣವಾಗಿ ಆರಿಸಿಕೊಂಡದ್ದು ಅವರ ಸೂಕ್ಷ್ಮದೃಷ್ಟಿಯ ಫಲವೆಂದು ನಾನು ಬಹುಕಾಲದಿಂದ ನಂಬಿದ್ದೇನೆ. ಎತ್ತು ಬೇರೆ, ಗಾಡಿ ಬೇರೆ. ಎಳೆಯುವುದೊಂದು, ಎಳೆಸಿಕೊಳ್ಳುವುದು ಇನ್ನೊಂದು. ಈ ಎರಡರ ನಡುವೆ ಒಂದು ಕೊಂಡಿ ಇದ್ದು, ಆ ಕೊಂಡಿಯನ್ನು ಪ್ರಯಾಣಿಕನು ಕಣ್ಣಾರೆ ಕಾಣಬಹುದಾಗಿದ್ದಿತು. ಇಂದು ಲೋಕದ ಬಹುಭಾಗದಲ್ಲಿ ಈ ಭೇದ ಅಳಿಸಿಹೋಗುತ್ತಿದೆ. ಪ್ರತಿಯೊಂದು ಡಬ್ಬಿಯ ನೆಲದಡಿಯಲ್ಲೂ ಒಂದೊಂದು ಯಂತ್ರವನ್ನು ಅಡಗಿಸಿಟ್ಟು, ಮುಂದೂ ಹಿಂದೂ ಒಂದೇ ಮುಖವಿರುವ ರೈಲ್‌ಕಾರುಗಳನ್ನು ಓಡಿಸುವುದು ಈಗಿನ ಕ್ರಮ. ಐರ್ಲೆಂಡಿನಲ್ಲಿ ಎಂಜಿನ್ನು ಎಳೆಯುವ ನಿತ್ಯದ ಪ್ರಯಾಣಿಕ ರೈಲುಗಳು ಉಳಿದಿರುವುದು ಎರಡೇ ದಾರಿಗಳಲ್ಲಿ: ಡಬ್ಲಿನ್ನಿನಿಂದ ಉತ್ತರಕ್ಕೆ ಬೆಲ್‌ಫಾಸ್ಟಿಗೆ, ಡಬ್ಲಿನ್ನಿನಿಂದ ನೈರುತ್ಯಕ್ಕೆ ಕಾರ್ಕಿಗೆ. ಕಳೆದ ಮೇ ತಿಂಗಳಲ್ಲಿ ಡಬ್ಲಿನ್ನಿನ ನನ್ನ ಅಣ್ಣನ ಮಗನ ಮನೆಯಲ್ಲಿ ಕೆಲವು ದಿನ ತಂಗಿದ್ದಾಗ, ಒಂದು ಶನಿವಾರವನ್ನೂ ಒಂದು ಭಾನುವಾರವನ್ನೂ ನಾನು ಈ ಎರಡು ದಾರಿಗಳಿಗೆಂದೇ ಮೀಸಲಿಟ್ಟೆನು.

"ಚಿಕ್ಕಪ್ಪ, ಕಾರಿನಲ್ಲಿ ಹೊರಟರೆ ನಡುವೆ ಕೋಟೆ, ಇಗರ್ಜಿ ಎಲ್ಲ ತೋರಿಸಬಹುದಲ್ಲ" ಎಂದು ಅವನು ಪ್ರೀತಿಯಿಂದಲೇ ಹೇಳಿದ. ಕೋಟೆಯನ್ನು ಇನ್ನೊಮ್ಮೆ ನೋಡೋಣ ಮಗು, ಅದು ಎಲ್ಲಿಗೂ ಹೋಗುವುದಿಲ್ಲ, ಈ ಎಂಜಿನ್ನುಗಳು ಹೋಗುತ್ತವೆ ಎಂದೆ. ಅವನೂ ಜೊತೆಗೆ ಬಂದ.

ಐರ್ಲೆಂಡಿನ ರೈಲುಹಳಿಗೆ ತನ್ನದೇ ಆದ ಅಗಲವಿದೆ: 5 ಅಡಿ 3 ಅಂಗುಲ. 1834ರಲ್ಲಿ ಡಬ್ಲಿನ್ನಿನಿಂದ ಕಿಂಗ್ಸ್‌ಟೌನ್ ಬಂದರಿಗೆ ಹಾಕಿದ ಆ ದೇಶದ ಮೊದಲ ಹಾದಿ ಇಂಗ್ಲೆಂಡಿನಂತೆಯೇ 4 ಅಡಿ ಎಂಟೂವರೆ ಅಂಗುಲದ್ದು. ಉತ್ತರದ ಅಲ್ಸ್ಟರ್ ಕಂಪನಿಯವರು 6 ಅಡಿ 2 ಅಂಗುಲ ಹಿಡಿದರು. ಡ್ರಾಗ್‌ಹೆಡಾದ ಕಂಪನಿಯವರಿಗೆ 5 ಅಡಿ 2 ಅಂಗುಲ ಸರಿಯೆನಿಸಿತು. ಹೀಗೆ ಮೂವರು ಮೂರು ದಾರಿ ಹಿಡಿದಾಗ, ವ್ಯಾಜ್ಯವನ್ನು ತೀರ್ಮಾನಿಸಲು ನಿಯುಕ್ತನಾದ ಪ್ಯಾಸ್ಲಿ ಎಂಬ ಸೇನಾ ಎಂಜಿನಿಯರನು ಎಲ್ಲರ ಮಾತನ್ನೂ ಕೇಳಿ, ಯಾರದೂ ಅಲ್ಲದ ಒಂದು ನಡುವಣ ಅಳತೆಯನ್ನು ಹೇಳಿದನು. 1846ರಲ್ಲಿ ಅದೇ ಶಾಸನವಾಯಿತು. ಯಾರಿಗೂ ಪೂರ್ಣ ತೃಪ್ತಿ ಕೊಡದ ಈ ನ್ಯಾಯದ ಪರಿಣಾಮ ಇಂದಿಗೂ ನಿಂತಿದೆ: ನೆರೆಯ ಬ್ರಿಟನ್ನಿನ ಎಂಜಿನ್ನು ಅಲ್ಲಿಯ ಹಳಿಯ ಮೇಲೆ ಓಡಲಾರದು. ಆದ್ದರಿಂದ ಅವರ ಎಂಜಿನ್ನುಗಳೆಲ್ಲ ಅವರಿಗಾಗಿಯೇ ಹುಟ್ಟಬೇಕು, ಸಮುದ್ರ ದಾಟಿಯೇ ಬರಬೇಕು. ಒಂದಂತೂ ಆಕಾಶಮಾರ್ಗವಾಗಿಯೇ ಬಂದಿತು. 1994ರಲ್ಲಿ ಕೆನಡಾದ ಒಂಟೇರಿಯೋ ಪ್ರಾಂತದಲ್ಲಿರುವ ಲಂಡನ್ ಎಂಬ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಯಿಂದ, ನೂರು ಟನ್ನಿಗೂ ಮೀರಿದ ಹೊಸ ಎಂಜಿನ್ನೊಂದನ್ನು ಆಂಟೊನೊವ್ ವಿಮಾನದ ಹೊಟ್ಟೆಯಲ್ಲಿಟ್ಟು ತಂದು ಡಬ್ಲಿನ್ನಿನಲ್ಲಿ ಇಳಿಸಿದರು. ನಾನು ನೋಡಲು ಹೊರಟಿದ್ದ 34 ಎಂಜಿನ್ನುಗಳ ಬಳಗದಲ್ಲಿ ಅದೇ ಹಿರಿಯದು.

ಈ ಬಳಗದ ಎಂಜಿನ್ನುಗಳಿಗೆ ಐರ್ಲೆಂಡಿನ ನದಿಗಳ ಹೆಸರುಗಳನ್ನು ಐರಿಷ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಇಟ್ಟರು. ಮೊದಲನೆಯದು ಆ ದ್ವೀಪದ ಮಹಾನದಿಯಾದ ಶ್ಯಾನನ್. 206ನೆಯ ನಂಬರಿನದು ಡಬ್ಲಿನ್ನಿನ ಲಿಫಿ, 207ನೆಯ ನಂಬರಿನದು ಬೋಯ್ನ್, 208ನೆಯ ನಂಬರಿನದು ಬೆಲ್‌ಫಾಸ್ಟಿನ ಲಾಗನ್. ನಮ್ಮಲ್ಲಿಯೂ ಕಾವೇರಿ ಎಕ್ಸ್‌ಪ್ರೆಸ್ ಇದೆ, ಶರಾವತಿ ಎಕ್ಸ್‌ಪ್ರೆಸ್ ಇದೆ. ಆದರೆ ನಾವು ಹೆಸರಿಡುವುದು ಸಾಮಾನ್ಯವಾಗಿ ಗಾಡಿಯ ಓಟಕ್ಕೆ, ದಿನವೂ ಬದಲಾಗುವ ಡಬ್ಬಿಗಳ ಸಾಲಿಗೆ. ಅವರು ಹೆಸರಿಟ್ಟದ್ದು ಎಳೆಯುವ ಜೀವಕ್ಕೆ. ಎತ್ತಿಗೆ ಹೆಸರಿಟ್ಟು ಕರೆಯುವ ಒಕ್ಕಲಿನ ಮನೆಯಲ್ಲಿ ಬೆಳೆದವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲ್‌ಫಾಸ್ಟಿಗೆ ಹೋಗುವ ಗಾಡಿಯ ಹೆಸರು ಎಂಟರ್‌ಪ್ರೈಸ್. 1947ರ ಆಗಸ್ಟ್ 11ರಂದು ಇದು ಮೊದಲು ಓಡಿದಾಗ, ದ್ವೀಪವು ಎರಡಾಗಿ ಹೋಳಾಗಿ ಕಾಲು ಶತಮಾನ ಕಳೆದಿತ್ತು. ಗಡಿಯಲ್ಲಿ ಸುಂಕದವರು ಗಾಡಿಯನ್ನು ನಿಲ್ಲಿಸಿಕೊಂಡು ಪೆಟ್ಟಿಗೆ ಬಿಚ್ಚಿಸುವ ಪೀಡೆಯನ್ನು ತಪ್ಪಿಸಲೆಂದು, ಆ ತಪಾಸಣೆಯನ್ನು ಎರಡು ತುದಿಯ ನಿಲ್ದಾಣಗಳಿಗೆ ಒಯ್ದು, ಗಾಡಿಯನ್ನು ನಡುವೆ ನಿಲ್ಲದಂತೆ ಓಡಿಸಿದರು. ಮುಂದೆ ಉತ್ತರದ ಭಾಗದಲ್ಲಿ ಕಲಹ ನಡೆದ ವರ್ಷಗಳಲ್ಲಿ ಇದೇ ಹಳಿಗೆ ಎಷ್ಟೋ ಸಲ ಬಾಂಬಿಟ್ಟಾಗ, 1989ರಲ್ಲಿ ಎರಡೂ ಕಡೆಯ ಸಾಮಾನ್ಯ ನಾಗರಿಕರು ಒಟ್ಟುಗೂಡಿ, ಶಾಂತಿಯ ರೈಲೆಂದು ಹೆಸರಿಟ್ಟು ಈ ದಾರಿಯಲ್ಲಿ ಪ್ರಯಾಣ ಮಾಡಿ ತಮ್ಮ ಪ್ರತಿಭಟನೆಯನ್ನು ಸಲ್ಲಿಸಿದರು. ರೈಲನ್ನು ತಡೆದು ಪ್ರತಿಭಟಿಸುವುದನ್ನು ನಾವು ಎಲ್ಲೆಲ್ಲಿಯೂ ಕಂಡಿದ್ದೇವೆ. ರೈಲು ನಿಲ್ಲಬಾರದೆಂದು ಅದನ್ನೇರಿ ಪ್ರತಿಭಟಿಸಿದ ಜನರನ್ನು ಕುರಿತು ನನಗೆ ಗೌರವ ಮೂಡುತ್ತದೆ.

ಶನಿವಾರ ಬೆಳಗ್ಗೆ ಕಾನಲಿ ನಿಲ್ದಾಣದಿಂದ ಗಾಡಿ ಹೊರಟಾಗ ಡಬ್ಬಿಯೊಳಗೆ ನನ್ನ ಗಮನಕ್ಕೆ ಮೊದಲು ಬಂದದ್ದು ನಿಶ್ಶಬ್ದ. ಹೊರಟಿತೆಂಬುದು ಕಿವಿಗೆ ತಿಳಿಯಲಿಲ್ಲ. ಕಿಟಕಿಯಾಚೆಯ ಕಂಬವೊಂದು ಮೆಲ್ಲಗೆ ಹಿಂದಕ್ಕೆ ಸರಿದಾಗಲೇ ಕಣ್ಣಿಗೆ ತಿಳಿದದ್ದು. ಮೇಜಿನ ಮೇಲಿಟ್ಟ ನೀರಿನ ಲೋಟದಲ್ಲಿ ಅಲೆ ಏಳಲಿಲ್ಲ. ಯಂತ್ರ ಎಲ್ಲೋ ದೂರದ ತುದಿಯಲ್ಲಿ ತನ್ನ ಶ್ರಮವನ್ನೆಲ್ಲ ತಾನೇ ನುಂಗಿಕೊಂಡು, ನಮಗೆ ಅದರ ಫಲವನ್ನು ಮಾತ್ರ ಕಳಿಸುತ್ತಿತ್ತು. ಮಲಹೈಡಿನ ಅಳಿವೆಯನ್ನು ದಾಟಿ, ಬಾಲ್‌ಬ್ರಿಗನ್ನಿನಲ್ಲಿ ಸಮುದ್ರಕ್ಕೆ ತೀರ ಹತ್ತಿರವಾಗಿ ಸಾಗಿ, ಗಾಡಿ ಡ್ರಾಗ್‌ಹೆಡಾ ತಲಪಿತು. ಅಲ್ಲಿ ಬೋಯ್ನ್ ನದಿಯ ಮೇಲೆ 1855ರಲ್ಲಿ ಮುಗಿದ ಎತ್ತರದ ಸೇತುವೆ. ಹಡಗಿನ ಕಂಬ ಅಡಿಯಲ್ಲಿ ಹಾಯಬೇಕೆಂದು ಅಷ್ಟು ಎತ್ತರ. ಅದಾಗುವ ಮುನ್ನ ಪ್ರಯಾಣಿಕರು ಒಂದು ದಡದಲ್ಲಿಳಿದು, ಊರಿನೊಳಗೆ ಹಾದು, ಇನ್ನೊಂದು ದಡದಲ್ಲಿ ಬೇರೆ ಗಾಡಿ ಹಿಡಿಯಬೇಕಾಗಿದ್ದಿತು. ಸೇತುವೆಯ ಮೇಲೆ ಈಗ ಒಂದೇ ಹಳಿ. ಗಾಡಿ ನಿಧಾನಿಸಿ, ದೇವಸ್ಥಾನದ ಹೊಸ್ತಿಲು ದಾಟುವವರಂತೆ ಎಚ್ಚರದಿಂದ ದಾಟಿತು.

ಡನ್‌ಡಾಕ್ ಕಳೆದ ಮೇಲೆ ಭೂಮಿ ಏಳುತ್ತದೆ. ಮೇ ತಿಂಗಳಾದುದರಿಂದ ಹೊಲದ ಬೇಲಿಗಳ ಮುಳ್ಳುಪೊದೆಗಳೆಲ್ಲ ಬಿಳಿಯ ಹೂ ಹೊತ್ತು, ಯಾರೋ ಅರಳು ಚೆಲ್ಲಿದಂತೆ ಕಾಣುತ್ತಿದ್ದವು. ಎಡಗಡೆ ಸ್ಲೀವ್ ಗಲಿಯನ್ ಬೆಟ್ಟ ಕಾಣಿಸಿಕೊಂಡಿತು. ಈ ಬೆಟ್ಟದ ಹೆಸರನ್ನು ಹೊತ್ತ ಉಗಿ ಎಂಜಿನ್ನೊಂದು 1913ರಲ್ಲಿ ಇದೇ ದಾರಿಯ ಗಾಡಿಗಳಿಗಾಗಿ ಹುಟ್ಟಿತು. 1964ರಲ್ಲಿ ಸ್ಥಾಪಿತವಾದ ಐರಿಷ್ ರೈಲ್ವೆ ಸಂರಕ್ಷಣಾ ಸಂಘದವರು ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಳೆಯ ಎಂಜಿನ್ನು ಬೆಟ್ಟದ ಹೆಸರಿನದು, ಹೊಸದು ನದಿಯ ಹೆಸರಿನದು. ಸ್ವಲ್ಪ ಮುಂದೆ ನ್ಯೂರಿಯ ಬಳಿ 18 ಕಮಾನುಗಳ ಕ್ರೇಗ್‌ಮೋರ್ ಸೇತುವೆ, 1852ರದು. ದೇಶದ ಗಡಿ ಇದಕ್ಕೆ ಮುನ್ನವೇ ಎಲ್ಲೋ ಕಳೆದುಹೋಗಿತ್ತು. ಒಂದು ಫಲಕವನ್ನಾಗಲಿ ಒಬ್ಬ ಸಿಪಾಯಿಯನ್ನಾಗಲಿ ನಾನು ಕಾಣಲಿಲ್ಲ. ಬೆಲ್‌ಫಾಸ್ಟಿನಲ್ಲಿಳಿದು ಚಹಕ್ಕೆ ಯೂರೋ ಕೊಡಹೋದಾಗ ಅಂಗಡಿಯಾಕೆ ನಗುತ್ತ ಪೌಂಡು ಕೇಳಿದಳು. ನನ್ನ ಪಾಲಿಗೆ ಗಡಿ ಇದ್ದದ್ದು ಅಲ್ಲಿಯೇ.

ಆ ನಿಲ್ದಾಣದಲ್ಲಿ ನಾನು ಪ್ಲ್ಯಾಟ್‌ಫಾರಮ್ಮಿನ ಉದ್ದಕ್ಕೂ ನಡೆದು ಎಂಜಿನ್ನಿನ ಪಕ್ಕದಲ್ಲಿ ನಿಂತೆನು. ಅದರ ಸದ್ದನ್ನು ಕೇಳಿದೊಡನೆ ನನಗೆ ಪರದೇಶವೆಂಬ ಭಾವನೆ ಹೊರಟುಹೋಯಿತು. ಅದು ಹುಬ್ಬಳ್ಳಿಯ ಸದ್ದು! ಇದು ಕೇವಲ ಭಾವುಕತೆಯ ಮಾತಲ್ಲ. ಈ ಎಂಜಿನ್ನಿನೊಳಗಿರುವುದು ಜನರಲ್ ಮೋಟಾರ್ಸಿನ 710 ಎಂಬ ವರ್ಗದ ಡೀಸೆಲ್ ಯಂತ್ರ. ಪ್ರತಿಯೊಂದು ಸಿಲಿಂಡರಿನ ಗಾತ್ರ 710 ಘನ ಅಂಗುಲವಾದುದರಿಂದ ಆ ಹೆಸರು. ಪಿಸ್ಟನ್ನು ಮೇಲೆ ಬಂದಾಗಲೆಲ್ಲ ಇಂಧನ ಹೊತ್ತಿಕೊಳ್ಳುವ ಎರಡು ಹೊಡೆತದ ಯಂತ್ರ ಇದು. ಒಂದು ಬಾರಿ ಬಿಟ್ಟು ಒಂದು ಬಾರಿ ಹೊತ್ತುವ ನಾಲ್ಕು ಹೊಡೆತದ ಯಂತ್ರಕ್ಕಿಂತ ಇದರ ನಾದ ಒತ್ತೊತ್ತಾಗಿ, ಬಿಡುವಿಲ್ಲದೆ, ದೊಡ್ಡ ಹಂಡೆಯಲ್ಲಿ ನೀರು ಕುದಿಯುವ ಗದ್ದಲದಂತೆ ಇರುತ್ತದೆ. ಐರ್ಲೆಂಡಿನದಕ್ಕೆ 12 ಸಿಲಿಂಡರು, 3200 ಅಶ್ವಶಕ್ತಿಯ ಆಸುಪಾಸು. ಇದೇ ವರ್ಗದ 16 ಸಿಲಿಂಡರಿನ ಯಂತ್ರವೇ ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್ಡಿಗೆ ಸೇರಿದ ಎಂಜಿನ್ನುಗಳ ಹೃದಯವಾಗಿ, ಕ್ಯಾಸಲ್‌ರಾಕಿನ ಘಟ್ಟದಲ್ಲಿ ಅದಿರಿನ ಗಾಡಿಗಳನ್ನು ಹತ್ತಿಸಿ ಇಳಿಸಿದೆ. ಹಳಿಯ ಅಗಲದಲ್ಲಿ ಅವರಿಗೂ ನಮಗೂ ಮೂರಂಗುಲದ ಅಂತರ. ಉಸಿರಿನಲ್ಲಿ ಅಂತರವೇ ಇಲ್ಲ. ಆಯುಧಪೂಜೆಯ ದಿನ ಇಂಥ ಎಂಜಿನ್ನಿಗೆ ಬಾಳೆಕಂಬ ಕಟ್ಟಿ, ಕುಂಕುಮವಿಟ್ಟು, ಗಾಲಿಯಡಿಗೆ ನಿಂಬೆಹಣ್ಣು ಇಡುವ ನಮ್ಮ ಕೆಲಸಗಾರರನ್ನು ನೆನೆದು, ಬೇರೇನೂ ತೋಚದೆ, ಅದರ ಬದಿಗೆ ಅಂಗೈ ತಾಗಿಸಿದೆನು. ಬೆಚ್ಚಗಿತ್ತು.

ಭಾನುವಾರದ ವಿಷಯ ಬೇರೆ. ಕಾರ್ಕಿಗೆ ಹೋಗುವಾಗ ರೈಲ್‌ಕಾರಿನಲ್ಲಿಯೂ ಬರುವಾಗ ಎಂಜಿನ್ನಿನ ಗಾಡಿಯಲ್ಲಿಯೂ ಕುಳಿತು ಎರಡನ್ನೂ ತೂಗಿ ನೋಡಬೇಕೆಂಬುದು ನನ್ನ ಸಂಕಲ್ಪ. ಹೊರಡುವ ನಿಲ್ದಾಣದ ಹೆಸರು ಹ್ಯೂಸ್ಟನ್. ಮೊದಲು ಕಿಂಗ್ಸ್‌ಬ್ರಿಜ್ ಆಗಿದ್ದ ಇದಕ್ಕೆ 1966ರಲ್ಲಿ ಇಟ್ಟ ಹೆಸರು ಅಲ್ಲಿಯೇ ರೈಲ್ವೆಯ ಗುಮಾಸ್ತನಾಗಿದ್ದ ಶಾನ್ ಹ್ಯೂಸ್ಟನ್ನನದು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ದಂಗೆಯಲ್ಲಿ ಪಾಲುಗೊಂಡು ಗುಂಡಿಗೆ ಗುರಿಯಾದಾಗ ಅವನಿಗೆ 25 ವರ್ಷ. ಈ ದಾರಿಯೂ ಸುಖದ ದಿನಗಳಲ್ಲಿ ಹುಟ್ಟಿದ್ದಲ್ಲ. ಆಲೂಗೆಡ್ಡೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತ ಮಹಾಕ್ಷಾಮದ ವರ್ಷಗಳಲ್ಲಿಯೇ ಇದರ ಮಣ್ಣು ಅಗೆದದ್ದು. 1849ರಲ್ಲಿ ಹಳಿ ಕಾರ್ಕಿನ ಅಂಚು ಮುಟ್ಟಿತು. ಇದರ ಬಹುಭಾಗವನ್ನು ಕಟ್ಟಿಸಿದ ವಿಲಿಯಂ ಡಾರ್ಗನ್ ಎಂಬ ಕಂಟ್ರಾಕ್ಟರನು, ಮುಂದೆ ವಿಕ್ಟೋರಿಯಾ ರಾಣಿ ಪದವಿ ನೀಡಹೋದಾಗ ಒಲ್ಲೆನೆಂದವನು. ಹಸಿದ ಕೈಗಳು ಅಗೆದ ನೆಲದ ಮೇಲೆ ಈಗ ಗಾಡಿ ಗಂಟೆಗೆ 160 ಕಿಲೋಮೀಟರು ಓಡುತ್ತದೆ.

ರೈಲ್‌ಕಾರನ್ನು ನಾನು ಹಳಿಯಲಾರೆ. ಹಿಂದಿನ ಗಾಡಿಗಳಂತೆ ತುದಿಯ ನಿಲ್ದಾಣದಲ್ಲಿ ಎಂಜಿನ್ನು ಬಿಚ್ಚಿ ತಿರುಗಿಸುವ ಗೋಜು ಅದಕ್ಕಿಲ್ಲ. ಜನ ಹೆಚ್ಚಾದರೆ ಇನ್ನೊಂದನ್ನು ಜೋಡಿಸಬಹುದು. ಒಂದು ಯಂತ್ರ ಕೆಟ್ಟರೆ ಉಳಿದವು ನಡೆಸುತ್ತವೆ. ಅದು ಬಂದದ್ದರಿಂದಲೇ ಸಣ್ಣ ಊರುಗಳಿಗೂ ದಿನಕ್ಕೆ ಹೆಚ್ಚು ಗಾಡಿಗಳು ದೊರೆತವು. ಅದು ಸಣ್ಣ ಉಪಕಾರವಲ್ಲ. ಆದರೂ ಕಾರ್ಕಿನವರೆಗಿನ ಎರಡೂವರೆ ಗಂಟೆ ನನ್ನ ಅಂಗಾಲಿನಡಿ ಒಂದು ಸಣ್ಣ ನಡುಕ ಬಿಡದೆ ಇದ್ದಿತು. ವೇಗ ಏರುವಾಗ ನೆಲ ಗುನುಗುತ್ತಿತ್ತು, ಇಳಿಯುವಾಗ ನಿಟ್ಟುಸಿರಿಡುತ್ತಿತ್ತು. ಕುಳಿತವನು ಯಂತ್ರದ ಮೇಲೆಯೇ ಕುಳಿತಿದ್ದಾನೆಂಬುದನ್ನು ದೇಹ ಮರೆಯಲೊಲ್ಲದು.

ಕಾರ್ಕಿನಲ್ಲಿಳಿದರೆ, ಹೊರಗೆ ಹೋಗುವ ದಾರಿಯಲ್ಲಿಯೇ, ಟಿಕೆಟ್ಟು ಕೊಳ್ಳುವವರ ನಡುವೆ, 36ನೆಯ ನಂಬರಿನ ಉಗಿ ಎಂಜಿನ್ನು ನಿಂತಿದೆ. ಲಿವರ್‌ಪೂಲಿನ ಬರಿ ಕಂಪನಿ ಇದನ್ನು ಕಟ್ಟಿದ್ದು 1847ರಲ್ಲಿ, ಎಂದರೆ ಹಳಿ ಕಾರ್ಕನ್ನು ಮುಟ್ಟುವುದಕ್ಕೂ ಎರಡು ವರ್ಷ ಮೊದಲು. ಬೆಂಕಿಯಿರುವ ಕಡೆ ಚಪ್ಪಟೆಯಾಗಿರದೆ, ಒಕ್ಕಲಿಗನ ಹಿತ್ತಲಿನ ಹುಲ್ಲಿನ ಬಣವೆಯಂತೆ ದುಂಡಗೆ ಮೇಲೆದ್ದಿದೆ. ಇಂಗ್ಲಿಷಿನವರೂ ಅದನ್ನು ಬಣವೆಯೆಂದೇ ಕರೆದರು. ನಡುವಣ ಎರಡು ದೊಡ್ಡ ಗಾಲಿಗಳೇ ಅದರ ಸರ್ವಸ್ವ. ಮುಂದಿನ ಎರಡು, ಹಿಂದಿನ ಎರಡು, ಭಾರ ಹೊರಲು ಮಾತ್ರ. ನಡೆಸುವವನಿಗೆ ಮಳೆಗೂ ಗಾಳಿಗೂ ಒಂದು ಮಾಡಿಲ್ಲ. ಐರ್ಲೆಂಡಿನ ಮಳೆಯನ್ನು ಎರಡು ದಿನ ಕಂಡವನಾಗಿ, ಆ ತೆರೆದ ಹಲಗೆಯ ಮೇಲೆ ನಿಂತು ಕಾಲು ಶತಮಾನ ಈ ಯಂತ್ರವನ್ನು ನಡೆಸಿದವರ ಮೈಯನ್ನು ಕುರಿತು ನಾನು ಯೋಚಿಸಿದೆನು. ಕೈಯಲ್ಲಿ ಕಾಫಿ ಹಿಡಿದ ಹುಡುಗಿಯೊಬ್ಬಳು ಅದರ ಕಟ್ಟೆಗೆ ಒರಗಿ ಯಾರನ್ನೋ ಕಾಯುತ್ತಿದ್ದಳು. ಗಾಜಿನ ಗೂಡಿನಲ್ಲಿ ಮುಚ್ಚಿಡದೆ, ನಿತ್ಯದ ಜನಸಂಚಾರದಲ್ಲಿ ಅದನ್ನು ನಿಲ್ಲಿಸಿದವರ ವಿವೇಕ ದೊಡ್ಡದು.

ಹಿಂದಿರುಗುವ ಗಾಡಿ ಎಂಜಿನ್ನಿನದು. ಊರು ಬಿಡುತ್ತಿದ್ದಂತೆಯೇ 1855ರಲ್ಲಿ ಮುಗಿದ ಸುರಂಗ, ಒಂದೂಕಾಲು ಕಿಲೋಮೀಟರಿನಷ್ಟು ಉದ್ದ. ಕತ್ತಲಿನಲ್ಲಿ ಆ ಯಂತ್ರದ ನಾದ ಗೋಡೆಗೆ ಬಡಿದು ನಮ್ಮವರೆಗೂ ಒಮ್ಮೆ ಬಂದು, ಬೆಳಕಿಗೆ ಬಂದೊಡನೆ ಅಡಗಿತು. ಆಮೇಲೆ ಮತ್ತೆ ಅದೇ ನಿಶ್ಶಬ್ದ. ಮ್ಯಾಲೋವಿನಲ್ಲಿ ಬ್ಲ್ಯಾಕ್‌ವಾಟರ್ ನದಿ; ಬಲಗಡೆ ಗಾಲ್ಟೀ ಬೆಟ್ಟಸಾಲು ಮೋಡದ ನೆರಳನ್ನು ಹೊದ್ದು ಬಹಳ ಹೊತ್ತು ನಮ್ಮ ಜೊತೆಗೆ ಬಂದಿತು; ಟೆಂಪಲ್‌ಮೋರಿನ ಬಳಿ ಎಡಗಡೆ, ಸೈತಾನನು ಕಚ್ಚಿದನೆಂದು ಜನ ಹೇಳುವ, ನೆತ್ತಿಯಲ್ಲಿ ಕಚ್ಚು ಬಿದ್ದ ಬೆಟ್ಟ. ನನ್ನ ಅಣ್ಣನ ಮಗ ಕಿಟಕಿಗೆ ತಲೆಯಾನಿಸಿ ನಿದ್ರೆಹೋದ. ಹೋಗುವಾಗ ಅವನಿಗೆ ನಿದ್ರೆ ಬಂದಿರಲಿಲ್ಲ.

ಗಡಿ ದಾಟುವ ಎಂಟರ್‌ಪ್ರೈಸಿಗೆ ಎಂಟು ಹೊಸ ರೈಲುಗಳನ್ನು ತರಲು ಹಣ ಒದಗಿಸಿದ್ದಾರೆ. ಅವು ತಂತಿಯ ವಿದ್ಯುತ್ತಿನಿಂದಲೂ ನಡೆಯಬಲ್ಲವು, ಹೊಗೆ ಕಡಿಮೆ, ದೇಶಕ್ಕೆ ಹಿತ; ಬರಲಿ. ಆದರೆ ಅವಕ್ಕೆ ಬೇರೆಯಾಗಿ ನಿಂತು ಎಳೆಯುವ ಎಂಜಿನ್ನು ಇರದು. ಇಂದು ಡಬ್ಲಿನ್ನಿನಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗಿ ಬರುವ ಕನ್ನಡದ ತಂದೆತಾಯಿಗಳು ಕಡಿಮೆಯಿಲ್ಲ. ಅವರಲ್ಲಿ ನನ್ನದೊಂದು ಬಿನ್ನಹ: ಇರುವ ದಿನಗಳಲ್ಲಿ ಒಂದನ್ನು ಈ ಗಾಡಿಗಳಿಗೆ ಕೊಡಿ, ಇಳಿದ ಮೇಲೆ ನೇರವಾಗಿ ಬಾಗಿಲಿಗೆ ಹೋಗದೆ, ಎಂಜಿನ್ನಿರುವ ತುದಿಯವರೆಗೆ ನಡೆದು, ನಿಮ್ಮನ್ನು ಕರೆತಂದದ್ದು ಯಾವುದೆಂದು ನೋಡಿ ಬನ್ನಿ. ಕಾರ್ಕಿನ ಗಾಡಿ ಹ್ಯೂಸ್ಟನ್ನಿನಿಂದ ಹೆಚ್ಚುಕಡಿಮೆ ಗಂಟೆಗೊಂದರಂತೆ ಇದೆ. ಅದರಲ್ಲಿ ಎಂಜಿನ್ನಿನದು ಯಾವುದೆಂದು ನಿಲ್ದಾಣದಲ್ಲಿ ಕೇಳಿದರೆ ಹೇಳುತ್ತಾರೆ.