ಕಾರ್ಬುರೇಟರ್ ಬಿಚ್ಚುವ ಮೊದಲು

ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಬೈಕ್ ಸ್ಟಾರ್ಟ್ ಆಗುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಆಫ್ ಆಗುತ್ತದೆ, ಏರಿನಲ್ಲಿ ಪಿಕಪ್ ಸಿಗುವುದಿಲ್ಲ, ಮೈಲೇಜ್ ಬಿದ್ದುಹೋಗಿದೆ. ಈ ನಾಲ್ಕು ದೂರುಗಳಲ್ಲಿ ಯಾವುದನ್ನು ಹೊತ್ತು ಹೋದರೂ ನಮ್ಮ ಬಹುತೇಕ ಗ್ಯಾರೇಜುಗಳಲ್ಲಿ ಸಿಗುವ ಮೊದಲ ಉತ್ತರ ಒಂದೇ: ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಬೇಕು. ಬಿಚ್ಚುತ್ತಾರೆ, ಪೆಟ್ರೋಲಿನಲ್ಲಿ ತೊಳೆಯುತ್ತಾರೆ, ಗಾಳಿ ಹೊಡೆಯುತ್ತಾರೆ, ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿ ಗಾಡಿ ಕೈಗೆ ಕೊಡುತ್ತಾರೆ. ಕೆಲವು ಸಲ ಸರಿಹೋಗುತ್ತದೆ. ಹಲವು ಸಲ ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ದೂರು ಮತ್ತೆ ಗ್ಯಾರೇಜಿನ ಬಾಗಿಲಿಗೆ ಬರುತ್ತದೆ. ಕಾರ್ಬುರೇಟರ್ ಬಿಚ್ಚುವುದು ಪರೀಕ್ಷೆಯ ಕೊನೆಯ ಹಂತವಾಗಬೇಕು, ಮೊದಲನೆಯದಾಗಬಾರದು ಎಂಬುದು ನನ್ನ ವಾದ. ದೋಷ ಎಲ್ಲಿದೆಯೆಂದು ತಿಳಿಯದೆ ಸ್ಪ್ಯಾನರ್ ಎತ್ತುವ ರೂಢಿಯಿಂದ ಗಾಡಿಯವರ ದುಡ್ಡು ಹೋಗುತ್ತದೆ, ಮೆಕ್ಯಾನಿಕ್ ಹೆಸರು ಕೆಡುತ್ತದೆ, ಊರಿನ ಗಾಳಿಯೂ ಕೆಡುತ್ತದೆ.

ಇದು ಮುಗಿದುಹೋದ ಕಾಲದ ಮಾತಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳು ಬಹುಮಟ್ಟಿಗೆ ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾದವು, ನಿಜ. ಆದರೆ 2018-19ರ ಒಂದೇ ಆರ್ಥಿಕ ವರ್ಷದಲ್ಲಿ ದೇಶದೊಳಗೆ ಮಾರಾಟವಾದ ದ್ವಿಚಕ್ರ ವಾಹನಗಳು 2 ಕೋಟಿಗೂ ಹೆಚ್ಚು, ಅವುಗಳಲ್ಲಿ ಬಹುಪಾಲು ಕಾರ್ಬುರೇಟರಿನವು. ನೋಂದಣಿಯ ಅವಧಿ 15 ವರ್ಷ, ಅದಾದ ಮೇಲೆ ನವೀಕರಣಕ್ಕೂ ಅವಕಾಶವಿದೆ. ಅಂದರೆ ಆ ವರ್ಷ ರಸ್ತೆಗಿಳಿದ ಗಾಡಿಗಳು 2034ರವರೆಗೂ ಕಾನೂನುಬದ್ಧವಾಗಿ ಓಡಬಲ್ಲವು. ಡೇರಿಗೆ ಹಾಲಿನ ಕ್ಯಾನು ಸಾಗಿಸುವವರು, ತರಕಾರಿ ಮೂಟೆ ಹೇರಿಕೊಂಡು ಸಂತೆಗೆ ಹೋಗುವವರು, ತೋಟದ ಕೆಲಸಕ್ಕೆ ಹೋಗಿಬರುವವರು ನಂಬಿಕೊಂಡಿರುವುದು ಹೆಚ್ಚಾಗಿ ಈ ನೂರು–ನೂರಿಪ್ಪತ್ತೈದು ಸಿಸಿಯ ಹಳೆಯ ಗಾಡಿಗಳನ್ನೇ. ಗಾಡಿ ಒಂದು ದಿನ ನಿಂತರೆ ಇವರ ಅಂದಿನ ಸಂಪಾದನೆಯೂ ನಿಲ್ಲುತ್ತದೆ.

ಕಾರ್ಬುರೇಟರ್ ಅರ್ಥವಾಗದ ಯಂತ್ರವೇನೂ ಅಲ್ಲ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಿರಿದಾದ ಕಂಠದಲ್ಲಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಸಣ್ಣ ರಂಧ್ರಗಳ ಮೂಲಕ ಮೇಲೇರಿ ಗಾಳಿಗೆ ಬೆರೆಯುತ್ತದೆ. ಬಟ್ಟಲಿನ ಮಟ್ಟ ಕಾಯುವುದು ಫ್ಲೋಟ್ ಮತ್ತು ಅದರ ಸೂಜಿ. ಐಡ್ಲಿಂಗಿನಲ್ಲಿ ಕೆಲಸ ಮಾಡುವುದು ಪೈಲಟ್ ಜೆಟ್, ಆಕ್ಸಿಲರೇಟರ್ ಕಾಲುಭಾಗದಿಂದ ಮುಕ್ಕಾಲು ತೆರೆದಾಗ ಸ್ಲೈಡಿಗೆ ಸಿಕ್ಕಿಸಿದ ನೀಡಲ್, ಪೂರ್ತಿ ತೆರೆದಾಗ ಮೇನ್ ಜೆಟ್. ರೋಗ ಗುರುತಿಸುವ ಕೀಲಿ ಈ ಹಂಚಿಕೆಯಲ್ಲೇ ಇದೆ. ಓಡುವಾಗ ಚೆನ್ನಾಗಿದ್ದು ನಿಂತಾಗ ಮಾತ್ರ ಆಫ್ ಆಗುವ ಗಾಡಿಯ ಮೇನ್ ಜೆಟ್ಟನ್ನು ಮುಟ್ಟುವ ಕಾರಣವೇ ಇಲ್ಲ. ಐಡ್ಲಿಂಗ್ ಸೊಗಸಾಗಿದ್ದು ಪೂರ್ತಿ ರೇಸ್ ಕೊಟ್ಟಾಗ ಉಸಿರು ಕಟ್ಟಿದಂತಾಗುವ ಗಾಡಿಯ ಪೈಲಟ್ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಎಳೆದರೆ ಮಾತ್ರ ಗಾಡಿ ನೆಟ್ಟಗೆ ಓಡುತ್ತದೆಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಹೆಚ್ಚಿನ ಗಾಳಿ ಒಳಸೇರುತ್ತಿದೆ. ಚೋಕ್ ಎಳೆದೊಡನೆ ಇನ್ನಷ್ಟು ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಈಗಾಗಲೇ ಹೆಚ್ಚಾಗಿದೆ. ಪ್ಲಗ್ ಬಿಚ್ಚಿ ನೋಡಿದರೆ ಇದಕ್ಕೆ ಸಾಕ್ಷಿಯೂ ಸಿಗುತ್ತದೆ: ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳುಪೇರಿದ್ದರೆ ಕಡಿಮೆ, ತಿಳಿ ಕಂದು ಇದ್ದರೆ ಹದ ಸರಿಯಾಗಿದೆ. ಇಷ್ಟೂ ತಿಳಿಯಲು ಬೇಕಾದದ್ದು ಒಂದು ಪ್ಲಗ್ ಸ್ಪ್ಯಾನರ್ ಮತ್ತು ಕೆಲವು ನಿಮಿಷ.

ಕಾರ್ಬುರೇಟರಿನ ಮೇಲೆ ಹೊರಿಸುವ ಅಪವಾದಗಳಲ್ಲಿ ಎಷ್ಟೋ ಅದರವಲ್ಲವೇ ಅಲ್ಲ. ಗಾಡಿ ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ ಮೊದಲು ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು. ಮುಚ್ಚಳದ ಗಾಳಿರಂಧ್ರ ಮಣ್ಣು ಕಟ್ಟಿದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಬೇಸಿಗೆಯ ಧೂಳಿನಲ್ಲಿ ಓಡಿದ ಗಾಡಿಯ ಏರ್ ಫಿಲ್ಟರ್ ಮುಚ್ಚಿಹೋದರೆ ಮೈಲೇಜ್ ಬೀಳುತ್ತದೆ, ಹೊಗೆ ಏಳುತ್ತದೆ. ಅದಕ್ಕೆ ಜೆಟ್ ತೊಳೆದು ಏನು ಬಂತು? ಮಳೆಗಾಲದಲ್ಲಿ ಮಿಸ್ಸಿಂಗ್ ಶುರುವಾದರೆ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದರೆ ಸಾಕು, ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ರೇಸ್ ಬಿಟ್ಟರೂ ಎಂಜಿನ್ ವೇಗ ತಕ್ಷಣ ಇಳಿಯುವುದಿಲ್ಲ, ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ ಎಂದರೆ ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಸೀಳಿ ಗಾಳಿ ಎಳೆಯುತ್ತಿರುವ ಸಂಭವವೇ ಹೆಚ್ಚು. ಎಂಜಿನ್ ಓಡುತ್ತಿರುವಾಗ ಆ ಜಾಗಕ್ಕೆ ಸೋಪಿನ ನೀರು ಬಿಟ್ಟಾಗ ಶಬ್ದ ಬದಲಾದರೆ ದೋಷ ಅಲ್ಲೇ ಇದೆ. ಟ್ಯಾಪೆಟ್ ಬಿಗಿಯಾದರೂ, ಕಾಯಿಲ್ ಸೋತರೂ ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ತಯಾರಿಸಿದ ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದು ಗಾಳಿ ಎಳೆದುಕೊಂಡರೂ ಥೇಟ್ ಕಾರ್ಬುರೇಟರ್ ಕೆಟ್ಟಂತೆಯೇ ಕಾಣುತ್ತದೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಇಂದಿಗೂ ಓಡುತ್ತಿವೆ. ಇಂಥ ವ್ಯತ್ಯಾಸ ಬಲ್ಲ ಕೈಗಳು ಉಳಿದಿಲ್ಲದಿದ್ದರೆ ಅವು ಎಂದೋ ಗುಜರಿ ಸೇರುತ್ತಿದ್ದವು.

ಹೇಗೂ ಕ್ಲೀನ್ ಮಾಡಿಬಿಟ್ಟರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟವಿದೆ, ಅದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಸಣ್ಣ ಬೈಕುಗಳ ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಜೆಟ್ ಹಿತ್ತಾಳೆಯದು, ಮೆತ್ತನೆಯ ಲೋಹ. ಅದರೊಳಗೆ ಪಿನ್ನನ್ನೋ ಕೇಬಲ್ಲಿನ ಎಳೆಯನ್ನೋ ತುರುಕಿ ಉಜ್ಜಿದಾಗ 0.40 ಮಿ.ಮೀ. ರಂಧ್ರ 0.44 ಆಯಿತೆಂದುಕೊಳ್ಳೋಣ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ರಂಧ್ರದ ವಿಸ್ತೀರ್ಣ ಶೇ 21ರಷ್ಟು ಹಿಗ್ಗಿರುತ್ತದೆ. ಮತ್ತೆ ಅದನ್ನು ಕುಗ್ಗಿಸಲಾಗದು, ಹೊಸ ಜೆಟ್ಟೇ ಬೇಕು. ಪೈಲಟ್ ಸ್ಕ್ರೂ ವಿಷಯದಲ್ಲೂ ಇದೇ ಅಪಾಯವಿದೆ. ಕೆಲವು ಕಾರ್ಬುರೇಟರುಗಳಲ್ಲಿ ಅದು ಏರ್ ಫಿಲ್ಟರ್ ಕಡೆಗಿದ್ದು ಗಾಳಿಯನ್ನು ನಿಯಂತ್ರಿಸುತ್ತದೆ, ಸಡಿಲಿಸಿದರೆ ಮಿಶ್ರಣ ತೆಳುವಾಗುತ್ತದೆ. ಇನ್ನು ಕೆಲವುಗಳಲ್ಲಿ ಎಂಜಿನ್ ಕಡೆಗಿದ್ದು ಪೆಟ್ರೋಲ್ ಬೆರೆತ ಗಾಳಿಯನ್ನು ನಿಯಂತ್ರಿಸುತ್ತದೆ, ಸಡಿಲಿಸಿದರೆ ಮಿಶ್ರಣ ದಟ್ಟವಾಗುತ್ತದೆ. ಯಾವ ಬಗೆಯದೆಂದು ನೋಡದೆ ಎಲ್ಲ ಗಾಡಿಗೂ ಒಂದೇ ಕೈಚಳಕ ತೋರಿಸಿದರೆ ಅರ್ಧದಷ್ಟು ಗಾಡಿಗಳಿಗೆ ಮದ್ದೇ ವಿಷವಾಗುತ್ತದೆ. ಸ್ಕ್ರೂವನ್ನು ಕೊನೆಮುಟ್ಟ ಬಿಗಿದು ಅದರ ಚೂಪು ತುದಿಯನ್ನೂ ಕೂರುವ ಜಾಗವನ್ನೂ ಹಾಳುಮಾಡುವುದು ಬೇರೆ. ನಿಜವಾಗಿ ಬಿಚ್ಚಲೇಬೇಕಾದ ಸಂದರ್ಭಗಳು ಇದ್ದೇ ಇವೆ: ತಿಂಗಳುಗಟ್ಟಲೆ ನಿಂತ ಗಾಡಿಯ ಜೆಟ್ಟಿನಲ್ಲಿ ಹಳೆಯ ಪೆಟ್ರೋಲ್ ಅಂಟಾಗಿ ಗಟ್ಟಿಯಾದಾಗ, ಫ್ಲೋಟ್ ಸೂಜಿ ಸವೆದು ಓವರ್‌ಫ್ಲೋ ನಿಲ್ಲದಾದಾಗ, ಡಯಾಫ್ರಮ್ ಇರುವ ಕಾರ್ಬುರೇಟರಿನಲ್ಲಿ ಅದು ಹರಿದಾಗ. ಆಗಲೂ ಬೇಕಾದದ್ದು ಕ್ಲೀನರ್ ಸ್ಪ್ರೇ, ಗಾಳಿ ಮತ್ತು ಹೊಸ ರಬ್ಬರುಗಳ ಕಿಟ್. ಪಿನ್ ಅಲ್ಲ.

ಈ ಎಚ್ಚರ ಹಿಂದೆಂದಿಗಿಂತ ಈಗ ಹೆಚ್ಚು ಬೇಕಾಗಿರುವುದಕ್ಕೆ ಇಂಧನವೇ ಕಾರಣ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್ (ಇ-20) ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಅದೇ ಸಾಮಾನ್ಯವಾಗಿದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಕಿಲೋ ಸಾಕು. ಇ-20ಕ್ಕೆ ಬೇಕಾದ್ದು ಹದಿಮೂರೂವರೆಯ ಆಸುಪಾಸು. ಫ್ಯುಯೆಲ್ ಇಂಜೆಕ್ಷನ್ ಗಾಡಿಯ ಆಕ್ಸಿಜನ್ ಸೆನ್ಸರ್ ಇದನ್ನರಿತು ಇಂಧನದ ಪ್ರಮಾಣ ಹೆಚ್ಚಿಸುತ್ತದೆ. ಕಾರ್ಬುರೇಟರಿನ ಜೆಟ್ಟಿಗೆ ಆ ಶಕ್ತಿಯಿಲ್ಲ, ಅದು ಹಿಂದಿನ ಅಳತೆಯಲ್ಲೇ ಸುರಿಯುತ್ತದೆ. ಹಾಗಾಗಿ ಹಳೆಯ ಗಾಡಿಗಳಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುವುದು ಸಹಜ. ಮೊದಲೇ ತೆಳುವಿನ ಅಂಚಿನಲ್ಲಿದ್ದ ಗಾಡಿ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬೇಗ ಕಾಯುತ್ತದೆ. ಇದು ಕಸ ಕಟ್ಟಿದ ತೊಂದರೆಯಲ್ಲ, ತೊಳೆದರೆ ಹೋಗುವುದಿಲ್ಲ. ಪ್ಲಗ್ ನೋಡಿ, ತೆಳುವೆಂದು ಖಚಿತವಾದರೆ ಸ್ಕ್ರೂವನ್ನು ಸರಿಯಾದ ದಿಕ್ಕಿಗೆ ಕಾಲು ಸುತ್ತು ತಿರುಗಿಸುವುದು, ನೀಡಲಿನಲ್ಲಿ ಕಚ್ಚುಗಳಿದ್ದರೆ ಕ್ಲಿಪ್ಪನ್ನು ಒಂದು ಕಚ್ಚು ಇಳಿಸಿ ನೀಡಲ್ ಮೇಲೇರುವಂತೆ ಮಾಡುವುದು, ಅದೂ ಸಾಲದಿದ್ದರೆ ಒಂದು ಅಳತೆ ದೊಡ್ಡ ಜೆಟ್ ಹಾಕುವುದು ಇದಕ್ಕೆ ಮದ್ದು. ಮೈಲೇಜ್ ಲೆಕ್ಕವೂ ತಿಳಿದಿರಲಿ. ನೀತಿ ಆಯೋಗದ 2021ರ ಎಥನಾಲ್ ಮಾರ್ಗಸೂಚಿ ವರದಿಯೇ ಇಂಥ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಕೆ ಅಂದಾಜಿಸಿತ್ತು. 60 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 58 ಕೊಟ್ಟರೆ ಅದು ಇಂಧನದ ಪ್ರಭಾವ. 45ಕ್ಕೆ ಇಳಿದರೆ ಎಥನಾಲನ್ನಾಗಲಿ ಕಾರ್ಬುರೇಟರನ್ನಾಗಲಿ ದೂರುವ ಮೊದಲು ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್, ಜಾರುವ ಕ್ಲಚ್, ಪೂರ್ತಿ ಮರಳದ ಚೋಕ್ ನೋಡಬೇಕು.

ಮೆಕ್ಯಾನಿಕ್‌ಗಳ ಆಕ್ಷೇಪ ತೂಕದ್ದು. ಪರೀಕ್ಷೆಗೆ ಯಾರೂ ದುಡ್ಡು ಕೊಡುವುದಿಲ್ಲ, ಮುಚ್ಚಳದ ರಂಧ್ರ ಬಿಡಿಸಿ ನೂರು ರೂಪಾಯಿ ಕೇಳಿದರೆ ಗಿರಾಕಿ ಜಗಳಕ್ಕೆ ಬರುತ್ತಾನೆ, ಅದೇ ಕಾರ್ಬುರೇಟರ್ ಬಿಚ್ಚಿ ಜೋಡಿಸಿದರೆ ಕೇಳಿದಷ್ಟು ಕೊಡುತ್ತಾನೆ ಎನ್ನುತ್ತಾರೆ. ಇದು ಸುಳ್ಳಲ್ಲ. ಬಿಚ್ಚಿ ಹರಡಿದ ಭಾಗಗಳಿಗೆ ಬೆಲೆ ಕೊಟ್ಟು ತಲೆ ಓಡಿಸಿದ್ದಕ್ಕೆ ಬೆಲೆ ಕೊಡದವರು ನಾವೇ, ಆದ್ದರಿಂದ ಈ ರೂಢಿಯಲ್ಲಿ ಗಾಡಿಯವರ ಪಾಲು ದೊಡ್ಡದು. ದಾರಿಯೂ ಕಷ್ಟದ್ದಲ್ಲ: ತಪಾಸಣೆಗೆ ಇಂತಿಷ್ಟು ಎಂದು ಗ್ಯಾರೇಜಿನ ಗೋಡೆಯ ಮೇಲೆ ಬರೆದುಹಾಕಲಿ, ಗಿರಾಕಿ ಅದನ್ನು ಒಪ್ಪಿ ಕೊಡಲಿ. ಹೊಸ ಕಾರ್ಬುರೇಟರನ್ನೇ ಹಾಕಿಬಿಡೋಣ ಎಂಬ ಇನ್ನೊಂದು ಸಲಹೆ ಮೇಲುನೋಟಕ್ಕೆ ಸುಲಭ. ಆದರೆ ಅಗ್ಗದ ನಕಲಿ ಕಾರ್ಬುರೇಟರಿನ ಜೆಟ್ಟುಗಳ ಅಳತೆ ಆ ಎಂಜಿನ್‌ಗೆ ಹೊಂದುತ್ತದೆಂಬ ಖಾತರಿಯಿಲ್ಲ, ದೋಷ ರಬ್ಬರಿನಲ್ಲೋ ಟ್ಯಾಪೆಟ್‌ನಲ್ಲೋ ಇದ್ದರೆ ಹೊಸದು ಬಂದರೂ ದೂರು ಉಳಿಯುತ್ತದೆ. ಹಳೆಯ ಗಾಡಿಗಳು ಹೇಗೂ ಹೊಗೆ ಉಗುಳುತ್ತವೆ, ತೆಗೆದುಹಾಕುವುದೇ ಲೇಸು ಎಂಬ ವಾದಕ್ಕೆ ನನ್ನ ಉತ್ತರ ಇಷ್ಟೆ: ಅವು ಇನ್ನೂ ಹಲವು ವರ್ಷ ಓಡುವುದು ಖಚಿತವಾಗಿರುವಾಗ ಹದ ತಪ್ಪಿ ಓಡುವುದಕ್ಕಿಂತ ಹದದಲ್ಲಿ ಓಡುವುದು ಎಲ್ಲರ ಶ್ವಾಸಕೋಶಕ್ಕೂ ಒಳ್ಳೆಯದು.

ಹದ ಅಳೆಯುವ ಯಂತ್ರವೂ ನಮ್ಮ ಊರುಗಳಲ್ಲಿ ಆಗಲೇ ಇದೆ. ಎಮಿಷನ್ ಟೆಸ್ಟ್ ಕೇಂದ್ರದಲ್ಲಿ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣ ಅಳೆಯುತ್ತಾರೆ. 2000ದ ನಂತರ ತಯಾರಾದ, ಬಿಎಸ್-6ಕ್ಕೆ ಮುಂಚಿನ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3.5. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಪೈಲಟ್ ಹಂತದಲ್ಲಿ ಪೆಟ್ರೋಲ್ ಹೆಚ್ಚು, ಅದು ತೀರಾ ಕಡಿಮೆಯಿದ್ದು ಹೈಡ್ರೋಕಾರ್ಬನ್ ಏರಿದ್ದರೆ ಮಿಶ್ರಣ ಅತಿ ತೆಳು ಅಥವಾ ಕಿಡಿಯಲ್ಲಿ ದೋಷ. ಮೆಕ್ಯಾನಿಕ್ ಕಿವಿಯಿಂದ ಊಹಿಸುವುದನ್ನು ಈ ಯಂತ್ರ ಅಂಕಿಯಲ್ಲಿ ಹೇಳುತ್ತದೆ. ಆದರೂ ಆ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುತ್ತೇವೆ, ಗ್ಯಾರೇಜಿಗೆ ಒಯ್ಯುವುದಿಲ್ಲ. ಸಾರಿಗೆ ಇಲಾಖೆ ಆ ಚೀಟಿಯ ಮೇಲೆ ಅಂಕಿಗಳ ಅರ್ಥವನ್ನು ಎರಡು ಸಾಲು ಕನ್ನಡದಲ್ಲಿ ಮುದ್ರಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಐಟಿಐಗಳಲ್ಲಿ ದ್ವಿಚಕ್ರ ವಾಹನ ರಿಪೇರಿ ಕಲಿಸುವಾಗ ಇಂಜೆಕ್ಷನ್ ಬಂತೆಂದು ಕಾರ್ಬುರೇಟರ್ ಪಾಠವನ್ನು ಬದಿಗೆ ಸರಿಸಬಾರದು. ಲಕ್ಷಣ ನೋಡಿ ಕಾರಣ ಹುಡುಕುವ ಶಿಸ್ತನ್ನು ಹುಡುಗರು ಇದರ ಮೇಲೆ ಕಲಿತರೆ ನಾಳೆ ಸೆನ್ಸರ್ ಕೈಕೊಟ್ಟಾಗಲೂ ಅದೇ ಶಿಸ್ತು ಉಪಯೋಗಕ್ಕೆ ಬರುತ್ತದೆ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಗಾಡಿ ಕೈಕೊಟ್ಟಾಗ ಕಾರ್ಬುರೇಟರ್ ಕ್ಲೀನ್ ಮಾಡಿ ಎಂದು ನೀವೇ ಹೇಳಬೇಡಿ. ತೊಂದರೆ ಯಾವಾಗ ಬರುತ್ತದೆ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ನಿಂತಾಗಲೋ ಓಡುವಾಗಲೋ, ಚೋಕ್ ಎಳೆದರೆ ಏನಾಗುತ್ತದೆ ಎಂಬುದನ್ನು ಗಮನಿಸಿ ಹೇಳಿ. ಪ್ಲಗ್ ಬಿಚ್ಚಿ ತೋರಿಸಲು ಕೇಳಿ. ಕಾರ್ಬುರೇಟರ್ ಮುಟ್ಟದೆಯೇ ಗಾಡಿ ಸರಿಮಾಡಿಕೊಟ್ಟ ಮೆಕ್ಯಾನಿಕ್‌ಗೆ ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.