ಬೀಗ ಎಲ್ಲಿದೆ? ಕಾಗದ ಮಾತ್ರ ಏಕೆ?



ತೋಟದ ಲೈನ್ ಮನೆಗಳಲ್ಲಿ ಬೆಳೆದ ನಮಗೆ ಕಾಗದದ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚೆಕ್‌ರೋಲಿನಲ್ಲಿ ಹೆಸರು ಬಿದ್ದರೆ ಹಾಜರಿ. ಬೀಳದಿದ್ದರೆ ಮೈಮುರಿದು ದುಡಿದರೂ ಗೈರುಹಾಜರಿ. ಮೇಸ್ತ್ರಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದ್ದೇವೆ. ಅದರಲ್ಲಿ ಏನು ಬರೆದಿದೆಯೆಂದು ಓದಿ ಹೇಳಿದವರು ಕಡಿಮೆ. ಇಂದು ನಮ್ಮ ಮಕ್ಕಳು ತೋಟ ಬಿಟ್ಟು ಪಟ್ಟಣದ ಯಂತ್ರಗಳ ಕಡೆ ಹೋಗುತ್ತಿದ್ದಾರೆ. ಅಲ್ಲಿಯೂ ಅದೇ ಕಾಗದ, ಅದೇ ಹೆಬ್ಬೆಟ್ಟು. ಆದರೆ ಅಲ್ಲಿ ಕಳೆದುಹೋಗುವುದು ಒಂದು ದಿನದ ಹಾಜರಿಯಲ್ಲ. ಹೆಬ್ಬೆಟ್ಟು ಒತ್ತಿದ ಆ ಬೆರಳೇ ಹೋಗಬಹುದು.

ಕೊಲ್ಹಾಪುರ ಜಿಲ್ಲೆಯನ್ನು ನೋಡಿರಿ. ಸಂಕೇಶ್ವರದಿಂದ ಗಡಿ ದಾಟಿದರೆ ಗಡಹಿಂಗ್ಲಜ. ಆ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಹರಳಿಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹಾಕಿದರು. ಇಂದು ಅಲ್ಲಿ ಓಣಿ ಓಣಿಗೂ ಮಗ್ಗದ ಸದ್ದು. ಕೊಲ್ಹಾಪುರದ ಬದಿಯ ಶಿರೋಳಿ, ಗೋಕುಳ ಶಿರಗಾಂವಗಳಲ್ಲಿ ಕಬ್ಬಿಣ ಎರಕದ ಫೌಂಡ್ರಿಗಳು. ಈ ಮೂರು ಬಗೆಯ ಕೆಲಸಕ್ಕೂ ಒಂದೇ ಶತ್ರುವಿದೆ. ನಿಂತ ಯಂತ್ರವು ರಿಪೇರಿಯ ನಡುವೆ ಥಟ್ಟನೆ ಓಡತೊಡಗುವುದೇ ಆ ಶತ್ರು.

ನಿಂತ ಯಂತ್ರ ಸತ್ತ ಯಂತ್ರವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಫೌಂಡ್ರಿಯ ಮರಳು ಕಲೆಸುವ ಯಂತ್ರದೊಳಗೆ ಒಬ್ಬನು ಇಳಿದು ಅಂಟಿದ ಮರಳನ್ನು ಕೆರೆಯುತ್ತಿರುತ್ತಾನೆ. ಪಾಳಿ ಬದಲಾಗಿ ಬಂದ ಇನ್ನೊಬ್ಬನಿಗೆ ಅವನು ಕಾಣುವುದಿಲ್ಲ. ಬಂದವನೇ ಬಟನ್ ಒತ್ತುತ್ತಾನೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಕತ್ತರಿಸುವ ಅಲಗುಗಳ ಬಳಿ ಫಿಟರನು ಕೈಯಿಟ್ಟಿರುವಾಗ ಕಬ್ಬು ಸಾಗಿಸುವ ಪಟ್ಟಿ ಚಾಲೂ ಆಗುತ್ತದೆ. ಕರೆಂಟು ತೆಗೆದರೂ ಎತ್ತಿ ನಿಲ್ಲಿಸಿದ ಭಾರ ಕೆಳಗೆ ಬೀಳಬಹುದು, ಪೈಪಿನಲ್ಲಿ ಉಳಿದ ಗಾಳಿ ಸಿಲಿಂಡರನ್ನು ದೂಡಬಹುದು, ಹಬೆ ನುಗ್ಗಬಹುದು, ಬಿಗಿದ ಸ್ಪ್ರಿಂಗು ಬಿಚ್ಚಿಕೊಳ್ಳಬಹುದು. ನಮ್ಮ ತೋಟಗಳ ಕಾಫಿ ಪಲ್ಪರ್ ಮತ್ತು ಟೀ ಫ್ಯಾಕ್ಟರಿಯ ರೋಲರುಗಳನ್ನು ತೊಳೆದವರಿಗೆ ಈ ಭಯ ಹೊಸದಲ್ಲ.

ಇದಕ್ಕೆ ಮದ್ದು ಬಹಳ ಸರಳ. ರಿಪೇರಿಗೆ ಇಳಿಯುವವನು ಮೇನ್ ಸ್ವಿಚ್ ತೆಗೆದು, ಅದಕ್ಕೆ ತನ್ನದೇ ಬೀಗ ಹಾಕಿ, ಬೀಗದಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳಬೇಕು. ಬೀಗದ ಮೇಲೆ ಅವನ ಹೆಸರಿರಬೇಕು. ಉಳಿದ ಗಾಳಿ, ಹಬೆ, ಭಾರಗಳನ್ನು ಇಳಿಸಬೇಕು. ಆಮೇಲೆ ಬಟನ್ ಒತ್ತಿ ನೋಡಿ, ಯಂತ್ರ ಓಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಬ್ಬರು ಇಳಿದರೆ ಎರಡು ಬೀಗ. ಕೊನೆಯ ಬೀಗ ತೆಗೆಯುವವರೆಗೆ ಮಾಲೀಕನೇ ಬಂದರೂ ಯಂತ್ರ ಓಡಬಾರದು.

ಇಷ್ಟು ಸರಳವಾದ ವಿಷಯ ಇಷ್ಟೊಂದು ಕಾಗದವಾದದ್ದು ಹೇಗೆ?

ಕಾನೂನಿನ ಚರಿತ್ರೆಯನ್ನೇ ನೋಡಿರಿ. 1948ರ ಕಾರ್ಖಾನೆ ಕಾಯ್ದೆಯ 22ನೆಯ ಕಲಮು, ಓಡುವ ಯಂತ್ರದ ಬಳಿ ಕೆಲಸ ಮಾಡುವ ತರಬೇತಾದವನ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕು ಎಂದಿತು. ಅಪಾಯ ಬಂದಾಗ ಶಕ್ತಿಯನ್ನು ಕಡಿಯುವ ಸಾಧನವಿರಬೇಕೆಂದು 24ನೆಯ ಕಲಮು ಹೇಳಿತು. ಆದರೆ ತಾನಾಗಿ ಚಾಲೂ ಸ್ಥಿತಿಗೆ ಜಾರಬಲ್ಲ ಆ ಸಾಧನಕ್ಕೆ ಬೀಗದ ವ್ಯವಸ್ಥೆ ಇರಬೇಕೆಂಬ ಮಾತು ಸೇರಿದ್ದು 1976ರ ತಿದ್ದುಪಡಿಯಲ್ಲಿ. ರಿಜಿಸ್ಟರು ಬಂದು 28 ವರ್ಷಗಳಾದ ಮೇಲೆ ಬೀಗ ಬಂತು! ಕಾನೂನಿನಲ್ಲಿ ಮೊದಲು ಬಂದ ಕಾಗದವೇ ಅನೇಕ ಕಾರ್ಖಾನೆಗಳಲ್ಲಿ ಇಂದಿಗೂ ಮೊದಲ ಸ್ಥಾನದಲ್ಲಿ ಕುಳಿತಿದೆ.

ಒಂದು ಕಾರ್ಖಾನೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ರಿಪೇರಿ ಪರವಾನಗಿಯ ಪುಸ್ತಕದಲ್ಲಿ ಐದೈದು ಸಹಿಗಳು. ಸ್ವಿಚ್ ತೆಗೆಯಲಾಗಿದೆ, ಬೀಗ ಹಾಕಲಾಗಿದೆ, ಪರೀಕ್ಷಿಸಲಾಗಿದೆ ಎಂದು ಎಲ್ಲದಕ್ಕೂ ಗುರುತು. ಎಲ್ಲವೂ ಒಂದೇ ಪೆನ್ನಿನಿಂದ, ಪಾಳಿ ಆರಂಭವಾಗುವ ಮೊದಲೇ ತುಂಬಿಟ್ಟದ್ದು. "ಬೀಗ ಎಲ್ಲಿದೆ ಅಣ್ಣಾ?" ಎಂದು ಫಿಟರನ್ನು ಕೇಳಿದೆ. ಅವನು ನಕ್ಕು, "ಆಫೀಸಿನ ಕಪಾಟಿನಲ್ಲಿದೆ ಸಾರ್. ಕಪಾಟಿನ ಬೀಗದಕೈ ಸಾಹೇಬರ ಹತ್ತಿರ" ಎಂದ. ಅಲ್ಲಿ ಬೀಗ ಹಾಕಿದ್ದು ಬೀಗಗಳಿಗೇ, ಯಂತ್ರಕ್ಕಲ್ಲ!

ಈ ಕಾಗದ ಸುಮ್ಮನೆ ಕಪಾಟಿನಲ್ಲಿ ಕೊಳೆಯುವುದೆಂದು ತಿಳಿಯಬೇಡಿರಿ. ಅಪಘಾತವಾದ ಮರುದಿನ ಅದಕ್ಕೆ ಜೀವ ಬರುತ್ತದೆ. 1923ರ ನಷ್ಟಪರಿಹಾರ ಕಾಯ್ದೆಯಲ್ಲಿ ಒಂದು ಮಾತಿತ್ತು: ಸುರಕ್ಷತೆಗಾಗಿ ಸ್ಪಷ್ಟವಾಗಿ ಮಾಡಿದ ನಿಯಮವನ್ನು ಕಾರ್ಮಿಕನು ಬೇಕೆಂದೇ ಮೀರಿ ಗಾಯಗೊಂಡರೆ, ಅದು ಮರಣವೋ ಪೂರ್ಣ ಶಾಶ್ವತ ಅಂಗವೈಕಲ್ಯವೋ ಆಗಿರದಿದ್ದರೆ, ಮಾಲೀಕನು ಪರಿಹಾರ ಕೊಡಬೇಕಾಗಿಲ್ಲ. ಈ ನೀತಿ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಎರಡು ಬೆರಳು ಕಳೆದುಕೊಂಡವನ ಮುಂದೆ ವಕೀಲರು ಅವನದೇ ಸಹಿಯ ಹಾಳೆಯನ್ನು ಹಿಡಿದು, "ನಿಯಮ ನಿನಗೆ ಗೊತ್ತಿತ್ತಲ್ಲ, ಸಹಿ ಹಾಕಿದ್ದೀಯಲ್ಲ?" ಎಂದು ಕೇಳಿದರೆ ಅವನು ಏನು ಉತ್ತರ ಕೊಡಬೇಕು? ಅವನಿಗೆ ಬೀಗ ಕೊಟ್ಟಿದ್ದರೇ ಎಂಬ ಕಲಮು ಆ ಹಾಳೆಯಲ್ಲಿ ಇರುವುದಿಲ್ಲ. ಯಾರನ್ನು ಕಾಯಲು ಬರೆದ ಕಾಗದ ಇದು?

ಹಾಳೆಯ ಭಾಷೆಯೂ ಒಂದು ಅನ್ಯಾಯ. ಗಡಹಿಂಗ್ಲಜದ ಕನ್ನಡಿಗನೂ, ಇಚಲಕರಂಜಿಗೆ ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಮಗ್ಗದವನೂ ಇಂಗ್ಲಿಷಿನ ನಮೂನೆಗೆ ಸಹಿ ಹಾಕಿದರೆ ಅದನ್ನು ತಿಳುವಳಿಕೆ ಎನ್ನಬಹುದೇ?

ಇಲ್ಲಿ ಸಣ್ಣ ಶೆಡ್ಡಿನ ಮಾಲೀಕರು ಎದ್ದು ಹೇಳುತ್ತಾರೆ: "ನಾವೂ ಅದನ್ನೇ ಹೇಳುವುದು! ಕಾಗದ ಹೆಚ್ಚಾಗಿದೆ, ನಿಯಮಗಳನ್ನು ತೆಗೆಯಿರಿ." ಅವರ ಮಾತಿನ ಅರ್ಧ ನಿಜ. ಒಂದು ಪಟ್ಟಾ ಬದಲಿಸಲು ಎರಡು ಪುಟ ತುಂಬಿಸಬೇಕೆಂದರೆ ಯಾರೂ ತುಂಬಿಸುವುದಿಲ್ಲ, ಸುಳ್ಳು ಬರೆಯುತ್ತಾರೆ. ಸುಳ್ಳು ಬರೆಯುವ ಅಭ್ಯಾಸವಾದ ಕಡೆ ನಿಜವಾದ ಎಚ್ಚರಿಕೆಯೂ ಸಾಯುತ್ತದೆ. ಆದರೆ ಉಳಿದರ್ಧವನ್ನು ನಾವು ಒಪ್ಪಲಾರೆವು. ಕಾಗದದ ಹೊರೆಯನ್ನು ತೋರಿಸಿ ಬೀಗವನ್ನೂ ಹೊರಗೆಸೆಯುವ ಉಪಾಯ ಅದು.

ಆ ಉಪಾಯಕ್ಕೆ ಕಾನೂನೇ ದಾರಿ ಮಾಡಿಕೊಟ್ಟಿದೆ. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸಿ 10 ಮಂದಿ ದುಡಿಯುವ ಜಾಗವೇ ಕಾರ್ಖಾನೆಯಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸುರಕ್ಷತಾ ಸಂಹಿತೆಯಲ್ಲಿ ಕಾರ್ಖಾನೆ ಎನಿಸಲು 20 ಮಂದಿ ಬೇಕು. ಹಳೆಯ 29 ಕಾಯ್ದೆಗಳನ್ನು 4 ಸಂಹಿತೆಗಳಾಗಿ ಮಾಡಿದ್ದು ಸರಳತೆಗಾಗಿ ಎಂದರು. ಸರಳವಾಗಲಿ, ಬೇಡವೆನ್ನುವವರು ಯಾರು? ಆದರೆ ಆರೆಂಟು ಮಂದಿಯ ಮಗ್ಗದ ಶೆಡ್ಡು ಹಳೆಯ ಲೆಕ್ಕದಲ್ಲೂ ಕಾರ್ಖಾನೆಯಲ್ಲ, ಹೊಸ ಲೆಕ್ಕದಲ್ಲೂ ಅಲ್ಲ. ಅಲ್ಲಿ ಕಾಗದದ ಹೊರೆಯೇ ಇಲ್ಲ, ಬೀಗವೂ ಇಲ್ಲ. ಯಂತ್ರವು ತಲೆ ಎಣಿಸಿ ಕೈ ಕಡಿಯುತ್ತದೆಯೇ?

ಇನ್ನು ಅಮೆರಿಕದ ಮಾತು. ಅಲ್ಲಿ 1989ರಲ್ಲಿ ಇದೇ ಅಪಾಯಕ್ಕಾಗಿ ಪ್ರತ್ಯೇಕ ನಿಯಮ ಮಾಡಿದರು. ನಮ್ಮ ದೊಡ್ಡ ಕಾರ್ಖಾನೆಗಳ ನಮೂನೆಗಳೆಲ್ಲ ಅದರ ನೆರಳೇ. ಆದರೆ ಆ ನಿಯಮವನ್ನು ಸರಿಯಾಗಿ ಓದಿದರೆ, ಪ್ಲಗ್ ಕಿತ್ತು ಅದನ್ನು ರಿಪೇರಿಯವನೇ ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲ ಸಣ್ಣ ಯಂತ್ರಕ್ಕೆ ನಿಯಮವೇ ಅನ್ವಯಿಸುವುದಿಲ್ಲ. ಶಕ್ತಿಯ ಮೂಲ ಒಂದೇ ಆಗಿದ್ದು, ಒಂದೇ ಬೀಗದಿಂದ ಪೂರ್ತಿ ನಿಲ್ಲುವ, ಒಳಗೆ ಶಕ್ತಿ ಉಳಿಯದ ಯಂತ್ರಕ್ಕೆ, ಇನ್ನು ಕೆಲವು ಷರತ್ತುಗಳೂ ಕೂಡಿಬಂದರೆ, ಬರೆದ ಕಾರ್ಯವಿಧಾನ ಬೇಕಾಗಿಲ್ಲ. ಬೀಗ ಮಾತ್ರ ಬೇಕೇ ಬೇಕು. ನಮ್ಮವರು ಅಲ್ಲಿಂದ ಕಾಗದವನ್ನು ತಂದರು, ಬೀಗವನ್ನು ಅಲ್ಲಿಯೇ ಬಿಟ್ಟು ಬಂದರು.

ಇನ್ನೊಂದು ಗಂಟು ಸಂಬಳದ್ದು. ಇಚಲಕರಂಜಿಯ ಮಗ್ಗದವನಿಗೆ ನೇಯ್ದ ಬಟ್ಟೆಯ ಲೆಕ್ಕದ ಮೇಲೆ ಕೂಲಿ. ಮಗ್ಗ ನಿಂತಷ್ಟು ಹೊತ್ತು ಅವನ ಮಕ್ಕಳ ಅನ್ನ ನಿಲ್ಲುತ್ತದೆ. ಅಂಥವನು ಬೀಗ ಹುಡುಕಿಕೊಂಡು ಹೋಗಲಿಲ್ಲವೆಂದು ಬೈಯುವುದು ಸುಲಭ. ನಿಲ್ಲಿಸಿದ ಹೊತ್ತಿಗೆ ಕೂಲಿ ಕೊಡದೆ ಸುರಕ್ಷತೆಯ ಉಪದೇಶ ಮಾಡುವವನು ಕಾರ್ಮಿಕನಿಗೆ ಕೈ ಬೇಕೋ ಅನ್ನ ಬೇಕೋ ಎಂದು ಕೇಳುತ್ತಿದ್ದಾನೆ.

ಆದುದರಿಂದ ನಾವು ಕೇಳಬೇಕಾದದ್ದು ಇಷ್ಟು:

1. ಯಂತ್ರ ರಿಪೇರಿಗೂ ಸ್ವಚ್ಛತೆಗೂ ಇಳಿಯುವ ಪ್ರತಿಯೊಬ್ಬರಿಗೂ ಸ್ವಂತ ಬೀಗ, ಒಂದೇ ಬೀಗದಕೈ. ಖರ್ಚು ಮಾಲೀಕರದು.

2. ಒಂದೇ ಮೋಟಾರು, ಒಂದೇ ಸ್ವಿಚ್ಚಿನ ಯಂತ್ರಕ್ಕೆ ನಮೂನೆ ಬೇಡ, ಬೀಗ ಸಾಕು. ಗಾಳಿ, ಹಬೆ, ಭಾರ ಕೂಡಿದ ಯಂತ್ರಕ್ಕೆ ಒಂದೇ ಹಾಳೆ. ಅದು ಕಪಾಟಿನಲ್ಲಲ್ಲ, ಯಂತ್ರದ ಮೈಮೇಲೆ, ದುಡಿಯುವವನ ಭಾಷೆಯಲ್ಲಿ, ಚಿತ್ರದೊಂದಿಗೆ ಇರಲಿ.

3. ನಿಲ್ಲಿಸಿದ ಹೊತ್ತಿಗೆ ಕೂಲಿ.

4. ಬೀಗ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲದ ಕಡೆ ಕಾರ್ಮಿಕನ ಸಹಿಯನ್ನು ಅವನ ವಿರುದ್ಧ ಬಳಸಬಾರದು.

5. ತಲೆಗಳ ಸಂಖ್ಯೆ ಎಷ್ಟೇ ಇರಲಿ, ಮೋಟಾರು ಇರುವ ಕಡೆ ಬೀಗ ಇರಲಿ.

ಹೊಸ ಸಂಹಿತೆಯು ಇಂಥ ವಿವರಗಳನ್ನು ಸರಕಾರ ಮಾಡುವ ನಿಯಮ, ಮಾನದಂಡಗಳಿಗೆ ಬಿಟ್ಟಿದೆ. ಬರೆಯುವವರ ಕಿವಿಗೆ ಮಾಲೀಕರ ಸಂಘಗಳ ಮಾತು ಬೀಳುವಂತೆ ನಮ್ಮ ಮಾತೂ ಬೀಳಬೇಕು.

ತಾಯಂದಿರೇ, ಮಗ ರಜೆಗೆ ಮನೆಗೆ ಬಂದಾಗ ಸಂಬಳ ಎಷ್ಟೆಂದು ಕೇಳುತ್ತೀರಿ. ಇನ್ನು ಮೇಲೆ ಇನ್ನೊಂದು ಮಾತನ್ನೂ ಕೇಳಿರಿ: "ಮಗನೇ, ಯಂತ್ರಕ್ಕೆ ಹಾಕುವ ಬೀಗದಕೈ ನಿನ್ನ ಜೇಬಿನಲ್ಲಿದೆಯೇ?" ಇಲ್ಲವೆಂದರೆ, ಯಂತ್ರ ನಿಂತಿದೆ ಎನ್ನುವ ಯಾವ ಹಾಳೆಗೂ ಸಹಿ ಹಾಕಬೇಡವೆಂದು ಹೇಳಿರಿ.